ಬಲಿಪಡ ಎಂಬ ಬುದ್ಧಿಮಾತು

ಬೆಳಿಗ್ಗೆ ಎದ್ದವರು ದೇವರಿಗೆ ಕೈಮುಗಿಯುತ್ತಾರೆ, ಇಲ್ಲವೇ ಹಾಲಿನ ಪ್ಯಾಕೆಟ್ ಒಳಗೆ ತರುತ್ತಾರೆ. ನಾನು ಮೊದಲು ಬಾಲ್ಕನಿಗೆ ಹೋಗಿ ಗಾಳಿ ಮೂಸುತ್ತೇನೆ. ಡೊಂಬಿವಲಿ ಎಂಐಡಿಸಿಯ ವಸತಿ ಭಾಗದಲ್ಲಿ, ಕಾರ್ಖಾನೆಗಳ ಬೆನ್ನಿಗೇ ಮನೆ ಮಾಡಿಕೊಂಡವರಿಗೆ ಇದು ಹಲ್ಲುಜ್ಜಿದಷ್ಟೇ ಸಹಜ. ಒಂದು ದಿನ ಕೊಳೆತ ಬಾಳೆಹಣ್ಣಿನ ವಾಸನೆ, ಇನ್ನೊಂದು ದಿನ ಸುಟ್ಟ ರಬ್ಬರಿನದು. ಏನೂ ವಾಸನೆ ಇಲ್ಲದ ದಿನ ನನಗೆ ಇನ್ನೂ ಹೆದರಿಕೆ, ಏಕೆಂದರೆ ಅವತ್ತು ಯಾವುದಕ್ಕೆ ಹೆದರಬೇಕೆಂದೇ ತಿಳಿಯುವುದಿಲ್ಲ.

ಇಷ್ಟು ಹೆದರುವವಳು ಮನೆ ಬದಲಿಸಬಾರದೇ ಎಂದು ಕೇಳಿದವರಿದ್ದಾರೆ. ಟಿಟ್ವಾಳಾದಲ್ಲಿ ಫ್ಲ್ಯಾಟು ಅಗ್ಗವಂತೆ, ಗಾಳಿಯೂ ಚೆನ್ನಾಗಿದೆಯಂತೆ. ಆದರೆ ನನ್ನ ಗಂಡನ ಕೆಲಸ ಠಾಣೆ ನಗರದಲ್ಲಿ, ಮಾಜಿವಾಡಾದ ಹತ್ತಿರದ ಹೋಟೆಲಿನ ಗಲ್ಲಾದಲ್ಲಿ. ಈಗಲೇ ಅವರು ಮನೆಗೆ ಬರುವುದು ಊರೆಲ್ಲ ಮಲಗಿದ ಮೇಲೆ. ಇನ್ನೂ ದೂರದ ಟಿಟ್ವಾಳಾಕ್ಕೆ ಹೋದರೆ ಮಗಳು ಅಪ್ಪನ ಮುಖವನ್ನು ಫೋಟೊದಲ್ಲಿ ನೋಡಬೇಕಾದೀತು. ಅತ್ತ ದರಿ, ಇತ್ತ ಪುಲಿ. ನಾವು ದರಿಯ ಅಂಚಿನಲ್ಲೇ ಉಳಿದೆವು.

ಮಗಳಿಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಸಂಜೆ ಸೊಸೈಟಿಯ ಗೇಟಿನೊಳಗೆ ಮಕ್ಕಳ ಜೊತೆ ಪಕಡಾಪಕಡಿ ಆಡುತ್ತಿದ್ದಳು. ಅಂದು ಗಾಳಿಯಲ್ಲಿ ಏನೋ ಹುಳಿ ಇತ್ತು. ನಾನು ಮೇಲಿನಿಂದ ನೋಡುತ್ತಲೇ ಇದ್ದೆ. ಓಡುತ್ತಿದ್ದವಳು ಥಟ್ಟನೆ ನಿಂತಳು, ಮೊಣಕಾಲಿಗೆ ಕೈಯೂರಿದಳು, ಆಮೇಲೆ ಅಲ್ಲೇ ಕುಸಿದು ಕೂತಳು. ನಾನು ಕೆಳಗೆ ಬರುವಷ್ಟರಲ್ಲಿ ಅವಳ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗಿತ್ತು. ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಅವಳ ಎದೆಯಿಂದ ಸೀಟಿ ಊದಿದಂಥ ಸದ್ದು ಬರುತ್ತಿತ್ತು. ಆ ಸದ್ದು ನಿಂತುಹೋದರೆ ಏನು ಮಾಡುವುದು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಮೂಗಿಗೆ ಮುಖವಾಡ ಕಟ್ಟಿ ಔಷಧದ ಹೊಗೆ ಕೊಟ್ಟರು, ಮಗು ಉಳಿಯಿತು. ನಾನು ಮಾತ್ರ ಆ ರಿಕ್ಷಾದಿಂದ ಇಳಿಯಲೇ ಇಲ್ಲ ಎನ್ನಬೇಕು.

ನಮ್ಮ ಮನೆಮಾತು ತುಳು. ತುಳುವಿನಲ್ಲಿ ಓಡಬೇಡ ಎನ್ನುವುದಕ್ಕೆ ‘ಬಲಿಪಡ’ ಎನ್ನುತ್ತೇವೆ. ಅಂದಿನಿಂದ ನನ್ನ ಬಾಯಲ್ಲಿ ಅದೊಂದೇ ಮಂತ್ರವಾಯಿತು. ಮೆಟ್ಟಿಲ ಮೇಲೆ ಬಲಿಪಡ, ಸ್ಟೇಷನ್ನಿನ ಬ್ರಿಜ್ ಮೇಲೆ ಬಲಿಪಡ, ಮದುವೆ ಹಾಲಿನಲ್ಲಿ ಬೇರೆ ಮಕ್ಕಳು ಕುರ್ಚಿಗಳ ನಡುವೆ ನುಗ್ಗಾಡುವಾಗ ಎಲ್ಲರಿಗೂ ಕೇಳಿಸುವಂತೆ ಬಲಿಪಡ. ಆ ಮಾತು ಕಿವಿಗೆ ಬಿದ್ದ ಕೂಡಲೇ ಅವಳು ಇದ್ದಲ್ಲೇ ನಿಂತು, ಅಂಗೈಯನ್ನು ಎದೆಯ ಮೇಲಿಟ್ಟು, ನಿಧಾನವಾಗಿ ಉಸಿರು ಬಿಡಬೇಕು. ಉಸಿರು ಬಿಡುವುದನ್ನು ಕಲಿಸಿದ್ದು ಆಸ್ಪತ್ರೆಯ ನರ್ಸ್, ಮಾತು ಕಲಿಸಿದ್ದು ನಾನು. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ತುಳು ಅರ್ಥವಾಗುತ್ತದೆ ಎನ್ನುತ್ತಾಳೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ನಾನೂ ಹಟಕ್ಕೆ ಬಿದ್ದವಳು, ಅವಳೊಡನೆ ತುಳು ಬಿಟ್ಟು ಬೇರೇನೂ ಆಡುತ್ತಿರಲಿಲ್ಲ. ಆ ತುಳುವಿನಲ್ಲಿ ಅವಳು ತಪ್ಪದೆ ಪಾಲಿಸಿದ್ದು ಈ ಒಂದು ಮಾತನ್ನು.

ಹೀಗೆ ಅವಳು ಹತ್ತನೇ ಕ್ಲಾಸಿಗೆ ಬಂದಳು. ಮನೆಯಿಂದ ಲಿಫ್ಟು, ಲಿಫ್ಟಿನಿಂದ ಶಾಲೆಯ ವ್ಯಾನು, ಮಧ್ಯಾಹ್ನ ಕೋಚಿಂಗ್ ಕ್ಲಾಸಿಗೆ ರಿಕ್ಷಾ, ಸಂಜೆ ಮಂಚ ಮತ್ತು ಮೊಬೈಲು. ಅವಳ ಚಪ್ಪಲಿಗಳು ಸವೆಯುತ್ತಿರಲಿಲ್ಲ, ಕಾಲು ಬೆಳೆದು ಚಿಕ್ಕವಾಗುತ್ತಿದ್ದವು ಅಷ್ಟೆ. ನನಗೆ ಅದು ನೆಮ್ಮದಿಯ ವಿಷಯವಾಗಿತ್ತು. ಮಂಚದ ಮೇಲಿರುವ ಮಗು ಕಣ್ಣ ಮುಂದಿರುವ ಮಗು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಶಾಲೆಯ ಪಿಟಿ ಟೀಚರ್ ನನ್ನನ್ನು ಕರೆಸಿದರು. ಅವರು ಕಲಬುರಗಿ ಕಡೆಯವರು. ಕಟ್ಟಡ ಕೆಲಸಕ್ಕೆಂದು ಇಲ್ಲಿ ಪಕ್ಕದೂರಾದ ಕಲ್ಯಾಣಕ್ಕೆ ಬಂದವರ ಮಗಳಂತೆ. ನಾನು ಕನ್ನಡದವಳೆಂದು ತಿಳಿದದ್ದೇ ಮರಾಠಿಯನ್ನು ಬದಿಗಿಟ್ಟರು.

“ಅಕ್ಕಾರ, ನಿಮ್ಮ ಹುಡುಗಿಗಿ ಓಡಂದ್ರ ನಾಕ್ ಹೆಜ್ಜಿ ಓಡಿ ನಿಂತಬಿಡ್ತಾಳ್ರೀ. ಎದಿ ಮ್ಯಾಲ ಕೈ ಇಟ್ಕೋತಾಳ. ಆ ಬ್ಯಾನಿ ಇನ್ನೂ ಐತೇನ್ರಿ?”

“ಅವಳಿಗೆ ದಮ್ಮು ಉಂಟು ಟೀಚರೇ. ಓಡಿಸ್ಬೇಡಿ ಅಂತ ನಾನು ಮೊದ್ಲೇ ಹೇಳಿದ್ದೇನಲ್ಲ.”

“ಹೇಳೀರಿ, ಖರೆ. ಈಗ ಡಾಕ್ಟರ್ ಏನಂತಾರ?”

ನಾನು ಪರ್ಸಿನ ಜಿಪ್ಪನ್ನು ಎಳೆದು ಮುಚ್ಚಿದೆ. ಅವಳು ಹತ್ತನೇ ಕ್ಲಾಸಿಗೆ ಸೇರಿದಾಗಲೇ ಡಾಕ್ಟರು ಹೇಳಿಯಾಗಿತ್ತು: ಎದೆ ಚೆನ್ನಾಗಿದೆ, ಔಷಧದ ಪಂಪ್ ಜೊತೆಗಿರಲಿ, ಆಡಲು ಬಿಡಿ, ಕೂತೇ ಇದ್ದರೆ ಉಸಿರಿನ ಶಕ್ತಿ ಇನ್ನೂ ಕುಗ್ಗುತ್ತದೆ. ಹೇಳುವುದಕ್ಕೆ ಅವರದೇನು ಹೋಗುತ್ತದೆ ಎಂದುಕೊಂಡು ಬಂದಿದ್ದೆ.

ಟೀಚರಿಗೆ ಅರ್ಥವಾಯಿತು. “ಇಕಿ ಒಬ್ಬಾಕಿದಷ್ಟ ಅಲ್ರಿ ಮಾತು. ಬ್ಯಾನಿ ಇಲ್ಲದ ಹುಡುಗ್ರೂ ಗ್ರೌಂಡ್ ಒಂದ್ ಸುತ್ತ ಹೊಡ್ಯೂದ್ರಾಗ ಕುಂತಬಿಡ್ತಾರ. ವ್ಯಾನ್ನ್ಯಾಗ ಬರ್ತಾರ, ವ್ಯಾನ್ನ್ಯಾಗ ಹೋಗ್ತಾರ. ಹತ್ತನೇತ್ತಾ ಅಂದ್ರ ನನ್ನ ಪಿರಿಯಡ್ಡೂ ಗಣಿತದವ್ರು ಕಸ್ಕೋತಾರ. ಆ ಹುಡುಗ್ರಿಗೆ ಓಡೋ ಮನಸಾ ಇಲ್ರಿ. ನಿಮ್ಮಾಕಿಗೆ ಮನಸ ಐತಿ, ನಾ ನೋಡೀನಿ. ಅಂಥಾಕಿನ್ನ ಯಾಕ ಕಟ್ಟಿ ಹಾಕ್ತೀರಿ?”

“ಕಟ್ಟಿ ಹಾಕ್ಲಿಕ್ಕೆ ಅದೆಂತ ದನವಾ ಟೀಚರೇ? ಆ ದಿನ ಅವಳ ತುಟಿ ನೋಡಿದ್ದು ನಾನು, ನೀವಲ್ಲ” ಎಂದು ಎದ್ದು ಬಂದೆ. ಸಿಟ್ಟಿನಲ್ಲಿ ಅವರು ತರಿಸಿದ ಚಹಾವನ್ನೂ ಕುಡಿಯಲಿಲ್ಲ.

ಸಂಜೆ ಅದನ್ನೆಲ್ಲ ಗಂಡನಿಗೆ ಫೋನಿನಲ್ಲಿ ಹೇಳಿದರೆ, ಗಲ್ಲಾದ ಗಲಾಟೆಯ ನಡುವೆ ಅವರೂ ಟೀಚರ ಪಕ್ಷವೇ ಸೇರಿದರು. “ಎಂತ ಮಾರಾಯ್ತಿ, ಓಡ್ಲಿ ಬಿಡು. ಕೂತಲ್ಲೇ ಕೂತು ಬೇರು ಬಿಡ್ತಾಳೆ ಅವಳು.”

“ನಿಮಗೆ ಹೇಳ್ಲಿಕ್ಕೆ ಸುಲಭ. ಆಸ್ಪತ್ರೆಗೆ ಎತ್ತಿಕೊಂಡು ಹೋಗುವುದು ಯಾರು?” ಎಂದು ಫೋನ್ ಇಟ್ಟೆ. ತಿರುಗಿ ನೋಡಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು. “ಮಮ್ಮಿ, ಮೀ ಕಾಯ್ ಮರತ್ ನಾಹೀ” ಎಂದಳು. ನಾನೇನು ಸಾಯುವುದಿಲ್ಲ ಎಂದು. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವಳು ಮೆಲ್ಲಗೆ ಹೇಳಿ ಕೋಣೆಗೆ ಹೋದಳು. ಆದರೂ ನಾನು ಮರುದಿನ ಬೆಳಿಗ್ಗೆ ಗಾಳಿ ಮೂಸಿ ಕಿಟಕಿ ಮುಚ್ಚಿದೆ.

ಅದಾಗಿ ಕೆಲವೇ ವಾರ. ಒಂದು ಶನಿವಾರ ಮಧ್ಯಾಹ್ನ ಅವಳನ್ನು ಕೋಚಿಂಗ್ ಕ್ಲಾಸಿನಿಂದ ಕರೆತರಲು ಹೋಗಿದ್ದೆ. ಕ್ಲಾಸು ದೊಡ್ಡ ರಸ್ತೆಯ ಆಚೆ, ಕಾರ್ಖಾನೆಗಳ ಬದಿಗಿತ್ತು. ನಾನು ರಸ್ತೆಯ ಈಚೆ ಬಾಳೆಹಣ್ಣಿನ ಗಾಡಿಯ ಹತ್ತಿರ ನಿಂತಿದ್ದೆ. ಅವಳು ಗೆಳತಿಯರ ಜೊತೆ ಮೆಟ್ಟಿಲಿಳಿದು ಬರುವುದು ಕಾಣಿಸಿತು. ನಾನು ಕೈಯೆತ್ತಿದೆ.

ಸದ್ದು ಮೊದಲು ಕಿವಿಗೆ ಬಂದದ್ದಲ್ಲ, ಕಾಲಿಗೆ ಬಂದದ್ದು. ನೆಲ ಒಮ್ಮೆ ಅದುರಿತು. ಆಮೇಲೆ ಕ್ಲಾಸಿನ ಕಟ್ಟಡದ ಕಿಟಕಿ ಗಾಜುಗಳು ಒಟ್ಟಿಗೇ ಉದುರಿದವು. ಕಟ್ಟಡದ ಹಿಂದಿನಿಂದ ಹಳದಿ ಬೆರೆತ ಹೊಗೆ ಮೇಲೆದ್ದು, ಮೇಲಕ್ಕೆ ಹೋಗುವುದು ಬಿಟ್ಟು ರಸ್ತೆಯ ಕಡೆಗೇ ಬಾಗಿತು. ಯಾವ ಕಾರ್ಖಾನೆ, ಏನು ಸಿಡಿಯಿತು, ಯಾರಿಗೂ ಗೊತ್ತಿಲ್ಲ. “ಪಳಾ! ಪಳಾ!”, ಓಡಿ ಓಡಿ ಎಂದು ಮರಾಠಿಯಲ್ಲಿ ಕೂಗುತ್ತ ಜನ ಓಡತೊಡಗಿದರು. ಗಾಡಿಯವನು ಗಾಡಿ ಬಿಟ್ಟು ಓಡಿದ.

ಮಗಳೂ ಓಡಿದಳು. ಗೆಳತಿಯರ ಹಿಂದೆ, ಬ್ಯಾಗು ಬೆನ್ನಿಗೆ ಬಡಿಯುತ್ತಿರುವಂತೆ, ನನ್ನ ಕಡೆಗೇ ಓಡಿಬರುತ್ತಿದ್ದಳು. ಅವಳ ಬೆನ್ನ ಹಿಂದೆಯೇ ಹೊಗೆ. ಇನ್ನೂ ಬೇಗ ಬರಲಿ, ಇನ್ನೂ ಬೇಗ ಎಂದು, ಗಂಟಲು ಹರಿಯುವಂತೆ ಕೂಗಿದೆ.

“ಬಲಿಪು!”

ಬಲಿಪು ಎಂದರೆ ಓಡು. ಯಾವ ತುಳುವರ ಮಗುವಿಗಾದರೂ ಗೊತ್ತಿರುವ ಮಾತು. ನನ್ನ ಮಗಳು ರಸ್ತೆಯ ನಡುವೆ ನಿಂತುಬಿಟ್ಟಳು.

ಅಂಗೈ ಎದೆಯ ಮೇಲೆ ಹೋಯಿತು. ಜನ ಅವಳ ಎಡಬಲದಿಂದ ನುಗ್ಗುತ್ತಿದ್ದರು, ಯಾರದೋ ಭುಜ ತಾಗಿ ಅವಳು ವಾಲಿದಳು, ಆದರೂ ಹೆಜ್ಜೆ ಕೀಳಲಿಲ್ಲ. ಕಣ್ಣು ನನ್ನ ಮೇಲೆಯೇ ಇತ್ತು. ಅವಳಿಗೆ ಉಸಿರುಕಟ್ಟಿತು, ಮತ್ತೆ ಅದೇ ಆಯಿತು ಎಂದುಕೊಂಡೆ. ಇನ್ನೂ ಜೋರಾಗಿ ಕೂಗಿದೆ, ಬಲಿಪು, ಬಲಿಪು. ಕೂಗಿದಷ್ಟೂ ಅವಳು ಕಲ್ಲಾದಳು. ನಿಧಾನವಾಗಿ, ಹೇಳಿಕೊಟ್ಟ ಹಾಗೆಯೇ, ಉಸಿರು ಬಿಡುತ್ತಿದ್ದಳು. ಹೊಗೆಯ ಮುಂಚೂಣಿ ಕ್ಲಾಸಿನ ಮೆಟ್ಟಿಲನ್ನು ಮುಚ್ಚಿತು.

ನಾನು ರಸ್ತೆಗೆ ಇಳಿದೆ. ಎದುರು ಬರುವ ಜನ ನನ್ನನ್ನು ಹಿಂದಕ್ಕೇ ತಳ್ಳಿದರು. ಆಗ ನನ್ನ ಹಟದ ಬಾಯಿಂದ, ಹದಿನೈದು ವರ್ಷದಲ್ಲಿ ಒಮ್ಮೆಯೂ ಅವಳೊಡನೆ ಆಡದ ಮರಾಠಿ ಹೊರಬಿತ್ತು.

“ಪಳ! ಪಳ, ಪಳ!”

ಅವಳು ಓಡಿದಳು. ಅದನ್ನು ಹೇಗೆ ಬರೆಯಲಿ? ಕೈ ಎದೆಯಿಂದ ಜಾರಿತು, ಬ್ಯಾಗು ಒಂದೇ ಹೆಗಲಿಗೆ ಬಂತು, ನನ್ನನ್ನು ದಾಟಿ ಮುಂದೆಯೇ ಹೋದಳು. ನಾನು ಹಿಂದೆ ಓಡಿದೆ. ಓಡಿದೆ ಎನ್ನುವುದು ದೊಡ್ಡ ಮಾತು. ತಿರುವಿಗೆ ಬರುವಷ್ಟರಲ್ಲಿ ಚಪ್ಪಲಿಯ ಬಾರು ಕಿತ್ತು, ಪಕ್ಕೆ ಹಿಡಿದು, ಒಂದು ಗೇಟಿಗೆ ಆತುಕೊಂಡು ನಿಂತೆ. ಗಂಟಲಲ್ಲಿ ಆ ಹೊಗೆಯ ಕಹಿ ಹತ್ತಿತ್ತು. ಮಗಳು ಹೋದಳು, ಅದೇ ಸಾಕು ಎಂದುಕೊಂಡೆ. ಅಷ್ಟರಲ್ಲಿ ಅವಳು ವಾಪಸ್ಸು ಬಂದಳು, ನನ್ನ ಮಣಿಕಟ್ಟು ಹಿಡಿದಳು. “ರುಕ್ ಮತ್ ಮಮ್ಮಿ! ಚಲ್!”, ನಿಲ್ಲಬೇಡ, ನಡೆ ಎಂದು ದರದರ ಎಳೆದಳು. ಅವಳ ಕೈಯಲ್ಲಿ ಇಷ್ಟು ಶಕ್ತಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಹೊಗೆಯ ದಾರಿಯಿಂದ ಪಕ್ಕಕ್ಕಿದ್ದ ಮೈದಾನವೊಂದಕ್ಕೆ ಬಂದು ಇಬ್ಬರೂ ನೆಲಕ್ಕೆ ಬಿದ್ದೆವು. ಅವಳು ಬ್ಯಾಗಿನಿಂದ ಪಂಪ್ ತೆಗೆದು ಎಳೆದುಕೊಂಡಳು. ನಾನು ಅವಳ ಗದ್ದ ಹಿಡಿದು ತುಟಿಯನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಕೆಂಪಗಿತ್ತು. ಎದೆಗೆ ಕಿವಿಯಿಟ್ಟೆ. ಗುದ್ದುವ ಸದ್ದಿತ್ತು, ಸೀಟಿ ಇರಲಿಲ್ಲ. ಆಗ ನನಗೆ ಬಂದದ್ದು ಅಳುವಲ್ಲ, ಸಿಟ್ಟು, ಅದೂ ತುಳುವಿನಲ್ಲೇ.

“ರಸ್ತೆ ಮಧ್ಯದಲ್ಲಿ ಯಾಕೆ ನಿಂತೆ? ದಮ್ಮು ಬಂತಾ?”

“ನಹೀ ತೋ. ತೂ ಹೀ ಬೋಲೀ, ಬಲಿಪ್.” ಇಲ್ಲವಲ್ಲ, ನೀನೇ ಅಂದದ್ದು ಎಂದು.

“ಬಲಿಪು ಅಂದ್ರೆ ಪಳ ಅಂತ!”

ಅವಳು ಪಂಪನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. ಬಲಿಪ್ ಎಂದು ಶುರುವಾದರೆ ನಿಲ್ಲಬೇಕು, ಎದೆಯ ಮೇಲೆ ಕೈಯಿಡಬೇಕು ಎಂದಷ್ಟೇ ಅವಳಿಗೆ ತಿಳಿದಿದ್ದದ್ದು. “ಉಸ್ಕಾ ಉಲ್ಟಾ ಭೀ ಹೋತಾ ಹೈ?” ಎಂದು ಕೇಳಿದಳು. ಅದಕ್ಕೆ ಉಲ್ಟಾ ಕೂಡ ಇದೆಯಾ ಎಂದು. ವ್ಯಂಗ್ಯವಲ್ಲ, ನಿಜವಾಗಿ ಕೇಳಿದ್ದು.

ಅವಳಿಗೆ ಆ ಮಾತು ಎಲ್ಲಿಂದ ಗೊತ್ತಾಗಬೇಕು? ಅಪ್ಪ ಅವಳೊಡನೆ ಹಿಂದಿ ಆಡುವವರು. ತುಳು ಆಡುವವಳು ನಾನೊಬ್ಬಳೇ, ಮತ್ತು ನಾನು ಯಾವತ್ತೂ ಯಾರಿಗೂ ಓಡು ಎಂದವಳಲ್ಲ.

ಬೆಂಕಿ ಸಂಜೆಯೊಳಗೆ ಆರಿತು. ಕಾರ್ಖಾನೆಯ ಕೆಲಸಗಾರರು ಕೆಲವರು ಆಸ್ಪತ್ರೆ ಸೇರಿದರು, ನಮ್ಮ ಬೀದಿಯವರು ಗಾಜು ಗುಡಿಸಿದರು. ಸೋಮವಾರ ನಾನೇ ಪಿಟಿ ಟೀಚರ ಹತ್ತಿರ ಹೋದೆ. “ಓಡಿಸಿ ಟೀಚರೇ. ಗಾಳಿ ಕೆಟ್ಟ ದಿನ ಮಾತ್ರ ಬೇಡ” ಎಂದೆ. “ಅವತ್ತ ಎಲ್ಲಾರ್ನೂ ಒಳಗ ಕುಂಡ್ರಸ್ತೀನಿ, ಆತಿಲ್ರಿ?” ಎಂದರು. ಈ ಸಲ ಚಹಾ ಕುಡಿದೆ.

ನನ್ನದೇ ತಪ್ಪು ಎಂದು ಒಪ್ಪಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆ ಗಾಳಿಯನ್ನು ನಮಗೆ ಕೊಟ್ಟವರು ಯಾರೂ ತಪ್ಪಾಯಿತು ಎಂದಿಲ್ಲ, ನಾನೊಬ್ಬಳೇ ಏಕೆ ಅನ್ನಲಿ? ಈಗಲೂ ಬೆಳಿಗ್ಗೆ ಮೂಸಿಯೇ ಮೂಸುತ್ತೇನೆ. ಮಗಳು ಮೈದಾನದಲ್ಲಿರುವಷ್ಟು ಹೊತ್ತು ಬೇಲಿಯ ಹೊರಗೆ ನಿಂತು ಅವಳ ತುಟಿಯನ್ನೇ ನೋಡುತ್ತೇನೆ. ಮೊದಲ ವಾರ ಅರ್ಧ ಸುತ್ತಿಗೆ ಕೂತವಳು ಈಗ ಸುತ್ತು ಮುಗಿಸುತ್ತಾಳೆ. ಕೊನೆಯಲ್ಲಿ ಬರುತ್ತಾಳೆ, ಆದರೆ ಬರುತ್ತಾಳೆ.

ಬೇರೆ ತಾಯಂದಿರು ಅವರವರ ಮಕ್ಕಳಿಗೆ ಕೂಗಿ ಹುರುಪು ತುಂಬುತ್ತಾರೆ. ನಾನೂ ಕೂಗುತ್ತೇನೆ, ತುಳುವಿನಲ್ಲೇ. ಅರ್ಥ ಅವಳಿಗೆ ಈಗ ಚೆನ್ನಾಗಿ ಗೊತ್ತು. ಆದರೂ ನಾನು ಬಲಿಪು ಎಂದ ಕೂಡಲೇ ಅವಳ ಕಾಲು ಒಮ್ಮೆ ತಡೆಯುತ್ತದೆ, ಕೈ ಎದೆಯ ಕಡೆಗೆ ಏಳುತ್ತದೆ. ಆಮೇಲೆ ಓಡುತ್ತಾಳೆ.