ಖಾಲಿ ಇದ್ದಾಗ ಮಾತ್ರ ಬರುವ ಸದ್ದು

ನಮ್ಮ ಕಾರಿನ ಹಿಂಭಾಗದಲ್ಲಿ ಒಂದು ಸದ್ದು ಶುರುವಾಗಿತ್ತು. ಹಿಂದಿನ ಚಕ್ರಗಳು ರಸ್ತೆಯ ಹಂಪು ದಾಟಿ ನೆಲಕ್ಕಿಳಿದು, ಇನ್ನೇನು ಎಲ್ಲ ಮುಗಿಯಿತು ಅಂದುಕೊಳ್ಳುವಾಗ, ಬಲಗಡೆಯಿಂದ ‘ಟಣಕ್’ ಎಂದು ಒಂದೇ ಸಲ ಬರುತ್ತಿತ್ತು. ಆಮೇಲೆ ಮುಂದಿನ ಹಂಪಿನವರೆಗೂ ಕಾರು ಏನೂ ಅರಿಯದ ಹಾಗೆ ಓಡುತ್ತಿತ್ತು.

ನಾನು ಕಾರು ಕಲಿತದ್ದು ಐವತ್ತರ ಹತ್ತಿರ ಬಂದ ಮೇಲೆ. ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದ ಮನೆ. ಮುಂದೆ ವಾಸ, ಹಿಂದಿನ ಶೆಡ್ಡಿನಲ್ಲಿ ಕರೆಂಟಿನ ಮಗ್ಗಗಳು. ಕಾರು ಕೊಂಡದ್ದೂ ಮಗ್ಗಕ್ಕಾಗಿಯೇ. ಯಜಮಾನರು ಹಿಂದಿನ ಸೀಟು ಮಡಚಿ ಸೀರೆ ಗಂಟುಗಳನ್ನು ಬೆಂಗಳೂರಿಗೆ ಒಯ್ಯುವರು, ಬರುವಾಗ ನೂಲಿನ ಮೂಟೆ ತುಂಬಿಕೊಂಡು ಬರುವರು. ಉಳಿದ ದಿನ ಅದು ಬಾಗಿಲಲ್ಲಿ ಧೂಳು ತಿನ್ನುತ್ತಾ ನಿಂತಿರುತ್ತಿತ್ತು. ಅದನ್ನು ದಿನಾ ನೋಡಿ ನೋಡಿ ನನಗೆ ಹೊಟ್ಟೆ ಉರಿದು, ಕೊನೆಗೆ ಡ್ರೈವಿಂಗ್ ಶಾಲೆಗೆ ಸೇರಿಕೊಂಡೆ.

ಹೊಟ್ಟೆ ಉರಿಯಲು ಕಾರಣವಿತ್ತು. ನಮ್ಮಕ್ಕ ಇರುವುದು ಕುಂದಾಣದ ಕಡೆಯ ಒಂದು ಹಳ್ಳಿಯಲ್ಲಿ. ಅವಳ ಮಂಡಿ ಹೋಗಿದೆ, ಅವಳು ಬರಲಾರಳು. ನಾನು ಬಸ್ಸಿನಲ್ಲಿ ಹೋಗೋಣವೆಂದರೆ ಆ ದಾರಿಯಲ್ಲಿ ಹೋಗುವ ಬಸ್ಸೂ ಬರುವ ಬಸ್ಸೂ ತನಗೆ ಮನಸ್ಸು ಬಂದಾಗ ಬರುವಂಥದ್ದು. ಅರ್ಧ ದಾರಿಯಲ್ಲಿ ಬಸ್ಸು ಬದಲಿಸಲು ಸ್ಕೂಲಿನ ಪಕ್ಕದ ಸ್ಟಾಪಿನಲ್ಲಿ ಕೂತು ಕೂತು, ಸೊಪ್ಪು ತಂದಿದ್ದರೆ ಅದು ಬಾಡಿಹೋಗಿ, ನನ್ನ ಮುಖವೂ ಅದರ ಜೊತೆಗೆ ಬಾಡಿ, ಅಕ್ಕನ ಮನೆ ಮುಟ್ಟುವ ಹೊತ್ತಿಗೆ ವಾಪಸು ಹೊರಡುವ ಮಾತು ಶುರುವಾಗುತ್ತಿತ್ತು. ಹೀಗಾಗಿ ಹಬ್ಬ ಹರಿದಿನ ಬಿಟ್ಟರೆ ಭೇಟಿಯೇ ಇರಲಿಲ್ಲ. ಕಾರು ಕಲಿತ ಮೇಲೆ, ನಮ್ಮ ಬೀದಿಗೆ ಕರೆಂಟ್ ತೆಗೆಯುವ ದಿನವೆಲ್ಲ ನಾನು ಅಕ್ಕನ ಮನೆಯಲ್ಲಿ. ಮಗ್ಗ ನಿಂತರೆ ನನಗೆ ರಜೆ. ಇಬ್ಬರೂ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ ಊರವರ ಸುದ್ದಿಯನ್ನೆಲ್ಲ ಸುಲಿದು ಹಾಕುತ್ತಿದ್ದೆವು. ಆ ಸುಖವನ್ನು ಯಾರಿಗೂ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಅಂಥದ್ದರಲ್ಲಿ ಈ ಟಣಕ್.

ಯಜಮಾನರಿಗೆ ಹೇಳಿದೆ. ಅವರು ಮರುದಿನ ಬೆಂಗಳೂರಿಗೆ ಹೋಗಿ ಬಂದು, “ಯಾವ ಸದ್ದು? ನಾನು ಹೋಗ್ಬಂದ್ನಲ್ಲ, ಸೂಜಿ ಬಿದ್ದಷ್ಟೂ ಸದ್ದಿಲ್ಲ” ಅಂದರು. ಅಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿ, ಕಿವಿಗೊಟ್ಟು ಕೇಳು ಅಂದೆ. ಹಂಪಿನ ಮೇಲೆ ಹಂಪು ದಾಟಿದೆವು. ಅವಳು, “ಏನೂ ಕೇಳುಸ್ಲಿಲ್ಲ ಕಣೆ, ನಿದ್ದೆ ಬಂತು” ಅಂದಳು. ನನಗೂ ಕೇಳಿಸಿರಲಿಲ್ಲ. ಅವಳನ್ನು ಮನೆಗೆ ಬಿಟ್ಟು ಒಬ್ಬಳೇ ತಿರುಗಿದೆ ನೋಡಿ, ಮೊದಲ ಹಂಪಿಗೇ ಟಣಕ್!

ಆಗ ನನಗೆ ಬೇರೆಯದೇ ಭಯ ಹತ್ತಿತು. ಮಗ್ಗದ ಮನೆಯವರ ಕಿವಿಯ ಕಥೆ ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ವಯಸ್ಸಾದ ನೇಕಾರರು ಫೋನಿನಲ್ಲಿ ಮಾತಾಡಿದರೆ ಬೀದಿಗೆಲ್ಲ ಕೇಳಿಸುತ್ತದೆ. ಕೆಲವರಿಗೆ ಮಗ್ಗ ನಿಂತ ಮೇಲೂ ಕಿವಿಯೊಳಗೆ ಮಗ್ಗ ಆಡುತ್ತಲೇ ಇರುತ್ತದಂತೆ. ನನ್ನ ಕಿವಿಯೂ ಹಾಗಾಯಿತೇ? ಇರಲಿ, ನೋಡೇಬಿಡೋಣ ಎಂದು ಒಂದು ದಿನ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಅದನ್ನು ಟವೆಲಿನಲ್ಲಿ ಸುತ್ತಿ ಡಿಕ್ಕಿಯಲ್ಲಿ ಮಲಗಿಸಿ ಒಂದು ಸುತ್ತು ಹೋಗಿ ಬಂದೆ. ಸದ್ದು ಅದರಲ್ಲಿ ಬಿದ್ದಿತ್ತು, ಚೆನ್ನಾಗಿಯೇ ಬಿದ್ದಿತ್ತು. ನನ್ನ ಕಿವಿ ನೆಟ್ಟಗಿದೆ ಎಂದು ಖುಷಿಯಾಗಿ ಶೆಡ್ಡಿಗೇ ಓಡಿಹೋಗಿ ಯಜಮಾನರ ಕಿವಿಗೆ ಫೋನು ಹಿಡಿದೆ.

ಅವರು ಕೇಳಿದರು. ಇನ್ನೊಂದು ಸಲ ಕೇಳಿದರು. “ಸದ್ದು ಇದೆ ಸರಿ. ನಾನು ಓಡ್ಸಿದ್ರೆ ಬರಲ್ಲ, ನೀನು ಓಡ್ಸಿದ್ರೆ ಬರುತ್ತೆ. ಅಂದ್ಮೇಲೆ ಹಂಪಿನ ಮೇಲೆ ಎತ್ತಿ ಎತ್ತಿ ಕುಕ್ತಿದ್ದೀಯ. ಇನ್ನು ಸ್ವಲ್ಪ ದಿನ ಬಿಟ್ರೆ ಹಿಂದಿನ ಚಕ್ರಾನೇ ಕೈಗೆ ಬರುತ್ತೆ” ಅಂದರು.

ನನ್ನ ಸಾಕ್ಷಿ ನನಗೇ ತಿರುಗಿಬಿದ್ದಿತ್ತು. ಹಂಪು ಕಂಡರೆ ನಾನು ಎರಡನೇ ಗೇರಿಗೆ ಇಳಿದು, ಮಗು ಮಲಗಿರುವ ತೊಟ್ಟಿಲನ್ನು ಸರಿಸುವ ಹಾಗೆ ದಾಟಿಸುವವಳು. ಹಿಂದಿನ ಲಾರಿಯವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಾರೆ. ಅಂಥ ನನಗೆ ಕುಕ್ಕುತ್ತೀಯ ಅಂದರೆ ಮೈಯೆಲ್ಲ ಉರಿಯದೆ ಇರುತ್ತದೆಯೇ? “ತಪ್ಪು ನನ್ ಕೈದಾದ್ರೆ ಇವತ್ತಿಂದಾನೆ ಬೀಗದ ಕೈ ನಿಮಗೆ. ಮತ್ತೆ ಕಾರು ಮುಟ್ಟಲ್ಲ. ನಿಮ್ದಾದ್ರೆ?” ಅಂದೆ.

“ನಂದಾದ್ರೆ ನೀನು ಕರ್ದ ಕಡೆ ಹಿಂದಿನ ಸೀಟಲ್ಲಿ ಕೂತ್ಕೊಂಡು ಬರ್ತೀನಿ. ಬಾಯಿ ಬಿಡಲ್ಲ” ಅಂದರು. ಕಾರಿನಲ್ಲಿ ಕೂತರೆ ಬ್ರೇಕು, ಗೇರು, ಹಸು ಬಂತು ಎಂದು ಒಂದೇ ಸಮ ಹೇಳುವ ಅವರಿಗೆ ಅದು ಸಣ್ಣ ಶಿಕ್ಷೆಯಲ್ಲ. ಆದರೆ ಮಾತು ಆಡಿ ಮುಗಿಸಿದ ಮೇಲೆ ನನ್ನ ಪಾಲಿನ ಶಿಕ್ಷೆ ನೆನಪಾಯಿತು. ಸೋತರೆ ನಾನು ಮತ್ತೆ ಆ ಸ್ಕೂಲಿನ ಪಕ್ಕದ ಸ್ಟಾಪಿಗೆ ಹೋಗಿ ಕೂರಬೇಕು.

ನಮ್ಮ ಕಾರು ನೋಡುವ ಮೆಕ್ಯಾನಿಕ್ಕು ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಇದ್ದಾರೆ. ಮನೆಯಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡೂ. ದೊಡ್ಡ ಆಳು. ಅವರು ಕಾರಿನ ಮೂಲೆ ಹಿಡಿದು ಒತ್ತಿ ಕುಣಿಸಿದರು, ಜಾಕ್ ಕೊಟ್ಟು ಚಕ್ರ ಅಲುಗಾಡಿಸಿದರು, ಅಡಿಗೆ ನುಗ್ಗಿ ಟಾರ್ಚ್ ಬಿಟ್ಟು ನೋಡಿದರು. ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ಸೋರಿಲ್ಲ, ಬುಷ್‌ಗಳು ಒಡೆದಿಲ್ಲ, ನಟ್ಟುಗಳೆಲ್ಲ ಬಿಗಿ. “ಕೂತು ಕೇಳೋಣ ನಡೀರಿ ಅಕ್ಕಾ” ಎಂದು ಹಿಂದಿನ ಸೀಟಿನ ಬಲಗಡೆಗೇ ಹತ್ತಿ ಕೂತರು. ನಾನು ಊರಿನ ಹಂಪುಗಳನ್ನೆಲ್ಲ ಹುಡುಕಿ ಹುಡುಕಿ ದಾಟಿಸಿದೆ. ಕಾರು ಬಾಯಿಗೆ ಬೀಗ ಹಾಕಿಕೊಂಡಿತ್ತು.

“ಆವಾಜ್ ಇಲ್ವಲ್ಲ ಅಕ್ಕಾ” ಎಂದರು, ಸ್ವಲ್ಪ ಕನಿಕರದಿಂದ. ನನಗೆ ಅಳುವೇ ಬಂತು. ಅವರನ್ನು ಇಳಿಸಿ ಹತ್ತು ಮಾರು ಹೋದೆನೋ ಇಲ್ಲವೋ, ಗ್ಯಾರೇಜಿನ ಮುಂದಿನ ಹಂಪಿನ ಮೇಲೆ ಟಣಕ್. ತಿರುಗಿ ನೋಡಿದರೆ ಅವರು ಆಗಲೇ ಬೇರೆ ಗಾಡಿಯ ಬಾನೆಟ್ಟಿನೊಳಗೆ ತಲೆ ಹಾಕಿದ್ದರು.

ನಮ್ಮಪ್ಪನೂ ನೇಕಾರ. ಮಗ್ಗಗಳೆಲ್ಲ ಒಟ್ಟಿಗೆ ಆಡುವಾಗ ಎಲ್ಲೋ ಒಂದು ಕೆಟ್ಟ ಸದ್ದು ಬಂದರೆ ಅಪ್ಪ ಒಂದೊಂದೇ ಮಗ್ಗ ನಿಲ್ಲಿಸುತ್ತಾ ಬರುತ್ತಿದ್ದ. ಯಾವುದು ನಿಂತಾಗ ಆ ಸದ್ದು ನಿಲ್ಲುವುದೋ ಅದೇ ಕಳ್ಳ. ಆಮೇಲೆ ಅದನ್ನು ಮಾತ್ರ ಬಿಚ್ಚಿ ನೋಡುವುದು. ಕೂತು ಅಳುವ ಬದಲು ನಾನೂ ಅದನ್ನೇ ಮಾಡೋಣವೆಂದು, ಡಿಕ್ಕಿಯಿಂದ ಜಾಕ್ ತೆಗೆದೆ, ಓಡಿಸಿದೆ. ಸ್ಪಾನರ್ ಚೀಲ ತೆಗೆದೆ, ಓಡಿಸಿದೆ. ಸ್ಟೆಪ್ನಿ ತೆಗೆಸಿದೆ, ಮ್ಯಾಟು ತೆಗೆದೆ, ಹಿಂದಿನ ಹಲಗೆ ತೆಗೆದೆ. ಒಂದೊಂದು ತೆಗೆದ ಹಾಗೆಲ್ಲ ಸದ್ದು ಕಡಿಮೆಯಾಗುವ ಬದಲು ಇನ್ನೂ ಠೀವಿಯಿಂದ ಬರತೊಡಗಿತು. ಬೀದಿಯವರು, ಈಯಮ್ಮ ಕಾರು ಬಿಚ್ಚಿ ಮಾರುತ್ತಾಳೇನೋ ಎಂದು ನೋಡುತ್ತಿದ್ದರು.

ತೆಗೆದದ್ದನ್ನೆಲ್ಲ ಬಾಗಿಲಲ್ಲಿ ಹರಡಿಕೊಂಡು ಮೆಟ್ಟಿಲ ಮೇಲೆ ಕೂತೆ. ತೆಗೆದರೆ ಜಾಸ್ತಿಯಾಗುತ್ತದೆ ಅಂದರೆ, ಹಾಕಿದರೆ? ಅಕ್ಕ ಕೂತಾಗ ಸದ್ದಿಲ್ಲ. ದೊಡ್ಡ ಆಳು ಮೆಕ್ಯಾನಿಕ್ಕು ಕೂತಾಗ ಸದ್ದಿಲ್ಲ. ಯಜಮಾನರು ಯಾವತ್ತಾದರೂ ಈ ಕಾರನ್ನು ಬರಿದಾಗಿ ಓಡಿಸಿದ್ದಾರೆಯೇ? ಹೋಗುವಾಗ ಸೀರೆ, ಬರುವಾಗ ನೂಲು. ಅಂದರೆ ಇದು ಯಾರು ಓಡಿಸುತ್ತಾರೆ ಎಂದು ನೋಡುವ ಸದ್ದಲ್ಲ. ಹಿಂದೆ ಭಾರ ಇದೆಯೋ ಇಲ್ಲವೋ ಎಂದು ನೋಡುವ ಸದ್ದು. ಕೇಳಲೆಂದು ಯಾರು ಹತ್ತಿ ಕೂತರೂ ಅವರ ಭಾರಕ್ಕೇ ಅದು ಅಡಗಿಹೋಗುತ್ತಿತ್ತು!

ಆವತ್ತು ನನಗಾದ ಸಂತೋಷ ಹೇಳತೀರದು. ತಕ್ಷಣ ಶೆಡ್ಡಿನಿಂದ ನೂಲಿನ ಮೂಟೆಗಳನ್ನು ಎಳೆದು ತಂದು ಹಿಂದಕ್ಕೆ ಹೇರಿದೆ. ಬೇಕೆಂದೇ ಹಂಪಿನ ಮೇಲೆ ಸ್ವಲ್ಪ ಒರಟಾಗಿ ಹೋದೆ. ಸದ್ದಿಲ್ಲ. ಮೂಟೆ ಇಳಿಸಿ, ತೊಟ್ಟಿಲು ಸರಿಸಿದ ಹಾಗೆ ಹೋದೆ. ಟಣಕ್. ಹಾಗೆಯೇ ಕಾರನ್ನು ಗ್ಯಾರೇಜಿಗೆ ತಿರುಗಿಸಿದೆ.

ಮೆಕ್ಯಾನಿಕ್ಕು ನನ್ನ ಮಾತು ಪೂರ್ತಿ ಕೇಳಿದರು. ನಡುವೆ ನಗಲಿಲ್ಲ, ಅದೇ ದೊಡ್ಡದು. “ಭಾರ ಬಿದ್ರೆ ಸ್ಪ್ರಿಂಗ್ ಅಮುಕ್ಕೊಳ್ತದೆ. ಖಾಲಿ ಇದ್ರೆ ಬಿಚ್ಕೊಳ್ತದೆ. ಅಂದ್ರೆ ಸ್ಪ್ರಿಂಗಲ್ಲೇ ಏನೋ ಇದೆ” ಎಂದು ಬಲಗಡೆಯ ಚಕ್ರವನ್ನೇ ಬಿಚ್ಚಿಹಾಕಿದರು. ಇಬ್ಬರೂ ಕುಕ್ಕರುಗಾಲಲ್ಲಿ ಕೂತು ನೋಡಿದೆವು. ಸ್ಪ್ರಿಂಗಿನ ಸುತ್ತುಗಳ ನಡುವೆ ಮಣ್ಣು ಮೆತ್ತಿಕೊಂಡ ಒಂದು ಕರಿ ಉಂಡೆ ಇತ್ತು. “ಇದನ್ನ ಆವತ್ತೇ ನೋಡಿದ್ದೆ ಅಕ್ಕಾ. ಕಂಪನಿ ರಬ್ಬರ್ರೇ ಇರ್ಬೇಕು ಅಂದ್ಕೊಂಡು ಬಿಟ್ಬಿಟ್ಟೆ” ಅಂದರು. ಈಗ ನೀರು ಹಾಕಿ ತಿಕ್ಕಿ, ಮೀಟಿ ಎಳೆದು ನನ್ನ ಮುಂದೆ ಹಾಕಿದರು. “ಏನಿದು? ನಮ್ ಲೈನಲ್ಲಿ ಇಂಥದ್ದು ನೋಡೇ ಇಲ್ಲ.”

ನಮ್ಮ ಲೈನಿನಲ್ಲಿ ಇತ್ತು. ಅದು ಮಗ್ಗದ ಹಳೆಯ ಬೆಲ್ಟಿನ ತುಂಡು. ಮೋಟರಿನಿಂದ ಮಗ್ಗಕ್ಕೆ ಸುತ್ತುವ ಅಗಲವಾದ ಬೆಲ್ಟು ತುಂಡಾದರೆ ಕಬ್ಬಿಣದ ಕ್ಲಿಪ್ ಹಾಕಿ ಜೋಡಿಸುತ್ತಾರೆ. ಆ ಕ್ಲಿಪ್ಪಿನ ಸಮೇತ ಸುರುಳಿ ಸುತ್ತಿ ಸ್ಪ್ರಿಂಗಿಗೆ ಬೆಣೆಯ ಹಾಗೆ ತುರುಕಿದ್ದರು. ಎರಡು ಕಡೆ ಮಗ್ಗದ ನೈಲಾನ್ ದಾರದಿಂದ ಕಟ್ಟಿದ್ದರು. ಒಂದು ಕಡೆಯ ದಾರ ಸವೆದು ಹರಿದಿತ್ತು, ಸುರುಳಿ ಸಡಿಲವಾಗಿತ್ತು. ಕಾರು ಖಾಲಿ ಇದ್ದು ಸ್ಪ್ರಿಂಗು ಬಿಚ್ಚಿಕೊಂಡಾಗ ಆ ಕ್ಲಿಪ್ಪು ಹೋಗಿ ಉಕ್ಕಿಗೆ ಬಡಿಯುತ್ತಿತ್ತು. ನಾನು ನೋಡುತ್ತಿದ್ದದ್ದು ಇನ್ನೊಂದು ಕಡೆಯ ಗಂಟನ್ನು. ನೇಕಾರರ ಗಂಟು, ಹರಿದ ಎಳೆಗೆ ಹಾಕುವುದು, ಕೈ ಕಾಣದಷ್ಟು ಬೇಗ ಹಾಕುತ್ತಾರೆ. ಹಾಕಿದ ಮೇಲೆ ತುದಿಯನ್ನು ಚಿಕ್ಕದಾಗಿ ಕತ್ತರಿಸಬೇಕು, ಇಲ್ಲದಿದ್ದರೆ ಸೀರೆಯಲ್ಲಿ ಎದ್ದು ಕಾಣುತ್ತದೆ. ಮದುವೆಯಾದಾಗಿನಿಂದ ನಾನು ಒಬ್ಬರಿಗೆ ಅದನ್ನು ಹೇಳುತ್ತಲೇ ಬಂದಿದ್ದೇನೆ. ಈ ಗಂಟಿನ ತುದಿ ಬೆರಳುದ್ದ ಬಾಲದ ಹಾಗೆ ಜೋತಾಡುತ್ತಿತ್ತು.

ಎಡಗಡೆಯ ಚಕ್ರದಲ್ಲೂ ಅಂಥದ್ದೇ ಒಂದಿತ್ತು. ಎರಡನ್ನೂ ತೆಗೆಸಿ, ಒರೆಸಿ, ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಭಾಷಣ ತಯಾರು ಮಾಡಿಕೊಂಡಿದ್ದೆ. ಯಜಮಾನರು ಊಟಕ್ಕೆ ಕೂತಿದ್ದರು. ತಟ್ಟೆಯ ಪಕ್ಕದಲ್ಲಿ ಅವೆರಡನ್ನೂ ಇಟ್ಟೆ. ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿ ನೋಡಿದರು. ಗಂಟಿನ ಬಾಲವನ್ನು ಬೆರಳಿನಿಂದ ಮುಟ್ಟಿದರು. ಭಾಷಣವೇ ಬೇಕಾಗಲಿಲ್ಲ.

“ನೂಲು ಹೇರಿದ್ರೆ ಹಿಂದೆ ಕೂತ್ಕೊಂಡ್ಬಿಡೋದು ಕಣೆ, ಅಡಿ ತಗುಲೋದು. ಮಗ್ಗದ ಕಾಲಿಗೆ ಕೊಡಲ್ವಾ, ಹಂಗೇ ಒಂದು ಕೊಟ್ಟಿದ್ದೆ. ಕೊಟ್ಟಿದ್ದು ಮರ್ತೇ ಹೋಗಿತ್ತು” ಅಂದರು. ಸುಳ್ಳಲ್ಲ. ನಮ್ಮಲ್ಲಿ ಮಗ್ಗದ ಕಾಲು ಅಲ್ಲಾಡಿದರೆ ಬೆಲ್ಟಿನ ತುಂಡು, ಬಾಗಿಲು ಬಡಿದರೆ ಬೆಲ್ಟಿನ ತುಂಡು, ಮಂಚ ಕಿರುಗುಟ್ಟಿದರೂ ಅದೇ. ಕಾರಿಗೂ ಅದೇ ಮದ್ದು ಕೊಟ್ಟಿದ್ದಾರೆ. ನನಗೆ ನಗು ತಡೆಯಲಾಗಲಿಲ್ಲ. ಆದರೆ ನಗುತ್ತಲೇ, “ನಾಳೆ ಕರೆಂಟ್ ತೆಗೀತಾರಂತೆ. ಹಿಂದಿನ ಸೀಟು ಒರೆಸಿಡ್ತೀನಿ” ಅಂದೆ.

ಮರುದಿನ ಅವರು ನಿಜವಾಗಿಯೂ ಹಿಂದಿನ ಸೀಟಿನಲ್ಲಿ ಕೂತರು. ಬಾಯಿ ಬಿಡಲಿಲ್ಲ. ಎದುರಿಗೆ ಟಿಪ್ಪರ್ ಲಾರಿ ಬಂದಾಗ ಸೀಟು ಹಿಡಿದುಕೊಂಡದ್ದು ಕನ್ನಡಿಯಲ್ಲಿ ಕಂಡಿತು, ಅಷ್ಟೇ. ಅದೇ ಸ್ಕೂಲಿನ ಮುಂದಿನ ಹಂಪು ಸ್ವಲ್ಪ ದೂರವಿರುವಾಗಲೇ ನಾನು ಗಾಡಿ ನಿಲ್ಲಿಸಿದೆ. “ನೀವು ಕೂತಿದ್ರೆ ಭಾರ ಆಗುತ್ತೆ. ಇಳ್ದು ಹಂಪಿನ ಹತ್ರ ನಿಂತು ಕೇಳಿ” ಅಂದೆ. ಅವರು ಇಳಿದು ನಡೆದುಹೋಗಿ, ಬಸ್ ಸ್ಟಾಪಿನ ಪಕ್ಕದಲ್ಲಿ ರಸ್ತೆಯ ಕಡೆಗೆ ತಲೆ ಬಾಗಿಸಿ ನಿಂತರು. ಶೆಡ್ಡಿನಲ್ಲಿ ಕೆಟ್ಟ ಮಗ್ಗ ಹುಡುಕುವಾಗ ನಿಲ್ಲುವುದೂ ಹಾಗೆಯೇ. ನಾನು ಎರಡನೇ ಗೇರಿಗೆ ಇಳಿದೆ. ಮುಂದಿನ ಚಕ್ರ ದಾಟಿತು. ಹಿಂದಿನ ಚಕ್ರ ದಾಟಿತು. ಟಣಕ್ ಬರುವುದೇ ಎಂದು ಕಾದೆ. ಏನೂ ಇಲ್ಲ.

ಗಾಡಿ ಪಕ್ಕಕ್ಕೆ ಹಾಕಿದೆ. ಅವರು ಹತ್ತಿರ ಬಂದು ಕಿಟಕಿಗೆ ಬಗ್ಗಿ, “ನೀನು ಇಷ್ಟು ನಿಧಾನವಾಗಿ ದಾಟಿಸ್ತೀಯಾ?” ಅಂದರು. ತಮಾಷೆಗೆ ಹೇಳಿದ್ದಲ್ಲ, ನಿಜವಾಗಿ ಕೇಳಿದ್ದು. ನಾನು ಒಬ್ಬಳೇ ಕಾರು ಓಡಿಸುವುದನ್ನು ಅವರು ಹೊರಗೆ ನಿಂತು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಶೆಡ್ಡಿನಿಂದ. ಕರೆಂಟ್ ಬೇಗ ಬಂದುಬಿಟ್ಟಿದೆ, ಒಂದು ಮಗ್ಗದಲ್ಲಿ ಎಳೆಗಳು ಹರಿಯುತ್ತಿವೆ, ಬನ್ನಿ. ನಾನು ಸ್ಟೇರಿಂಗ್ ಹಿಡಿದು ಕೂತೆ. ಎಷ್ಟು ಸಲ ಹೀಗೆ ಕರೆಂಟ್ ಬಂದು ನನ್ನ ಅಕ್ಕ ತಪ್ಪಿಹೋಗಿದ್ದಳೋ. ಅವರು ಫೋನು ಜೇಬಿಗೆ ಹಾಕಿಕೊಂಡು, ಬಂದ ದಾರಿಯನ್ನೊಮ್ಮೆ ನೋಡಿ, ಕಾರನ್ನೊಮ್ಮೆ ನೋಡಿದರು.

“ನೀನು ಹೋಗು. ನಿಮ್ಮಕ್ಕ ಕಾಯ್ತಿರ್ತಾಳೆ. ನಾನು ಬಸ್ಸಲ್ಲಿ ಹೋಗ್ತೀನಿ” ಅಂದರು.

ಹೋಗಿ ಆ ಸ್ಟಾಪಿನ ಕಲ್ಲುಬೆಂಚಿನ ಮೇಲೆ, ನಾನು ಯಾವಾಗಲೂ ಕೂರುತ್ತಿದ್ದ ಮೂಲೆಯಲ್ಲೇ ಕೂತರು. ಆ ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೇಡ ಎನ್ನಲಿಲ್ಲ. ಗೇರು ಹಾಕಿ ಅಕ್ಕನ ಊರಿನ ಕಡೆಗೆ ಹೊರಟೆ.