ಬಟ್ಟೆ ಹಗ್ಗದ ಕಂಡಕ್ಟರು

ಬಸ್ಸಿನ ಕೆಲಸದಿಂದ ನಿವೃತ್ತರಾದ ಮೇಲೆ ಕಂಡಕ್ಟರಿಗೆ ಮನೆಯಲ್ಲಿ ನಿಲ್ಲಲು ಜಾಗ ಸಿಗಲಿಲ್ಲ. ಇದು ಅಲಂಕಾರದ ಮಾತಲ್ಲ. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಒಂದರಲ್ಲಿ ಮಗ, ನರ್ಸಾಗಿದ್ದ ಸೊಸೆ. ಇನ್ನೊಂದರಲ್ಲಿ ಕಂಡಕ್ಟರು, ಅವರ ಹೆಂಡತಿ, ಅವರ ಅಕ್ಕ, ಮತ್ತು ಈ ಮೂವರಿಗಿಂತ ಹೆಚ್ಚು ಜಾಗ ಹಿಡಿದ ಒಂದು ಬೀರು. ಜೀವಮಾನವಿಡೀ "ಒಳಗೆ ನಡೀರಿ, ಒಳಗೆ ಖಾಲಿ ಇದೆ" ಎಂದು ಜನರನ್ನು ತಳ್ಳುತ್ತ ಬಂದ ಮನುಷ್ಯ ಈಗ ಎಲ್ಲಿ ನಿಂತರೂ ಯಾರಿಗಾದರೂ ಅಡ್ಡ. ಹೆಂಡತಿ ಪೊರಕೆ ಹಿಡಿದು ಬಂದರೆ ಕಾಲೆತ್ತಬೇಕು, ಅಕ್ಕ ಟೀವಿ ಹಾಕಿದರೆ ತಲೆ ಬಗ್ಗಿಸಬೇಕು. "ರೀ, ಸ್ವಲ್ಪ ಆ ಕಡೆ ಸರೀರಿ" ಎಂದಾಗ ಸರಿದು, "ಇನ್ನೂ ಸ್ವಲ್ಪ" ಎಂದಾಗ ಇನ್ನೂ ಸರಿದು, ಒಂದು ದಿನ ಅವರು ಸರಿಯುತ್ತ ಸರಿಯುತ್ತ ಮೆಟ್ಟಿಲಿಗೇ ಬಂದುಬಿಟ್ಟಿದ್ದರು. ಒಳಗಿನಿಂದ ಯಾರೋ ಬಾಗಿಲು ಹಾಕಿಕೊಂಡರು.

ಹೀಗಿರುವಾಗ ಹೆಂಡತಿಯ ಬಲಭುಜ ಹಿಡಿದುಕೊಂಡಿತು. ಬಟ್ಟೆ ಹಿಂಡಬಾರದು, ಕೈ ಮೇಲೆತ್ತಬಾರದು ಎಂದರು ಡಾಕ್ಟರು. ಹೆಂಡತಿ "ಅಯ್ಯೋ, ಬಟ್ಟೆ ಗತಿ ಏನು?" ಎಂದು ಹಣೆ ಚಚ್ಚಿಕೊಂಡರು, ಎಡಗೈಯಲ್ಲಿ. ಕಂಡಕ್ಟರು ಮಾತ್ರ ಬಹಳ ದಿನದ ಮೇಲೆ ಎದೆ ಸೆಟೆದು ನಿಂತರು. "ನಾನಿದ್ದೀನಲ್ಲ" ಎಂದರು. ಆ ಮನೆಯಲ್ಲಿ ಅವರು ಇದ್ದಾರೆ ಎಂಬುದನ್ನು ಅವರೇ ಘೋಷಿಸಬೇಕಾಗಿತ್ತು.

ಒಗೆಯುವುದು, ಹಿಂಡುವುದು ಕೂಲಿ ಕೆಲಸ. ಹಗ್ಗಕ್ಕೆ ಹಾಕುವುದು ಆಡಳಿತ ಎಂಬುದು ಅವರ ಮೊದಲ ಸಿದ್ಧಾಂತ. ಬಾಲ್ಕನಿ ಎಂದರೆ ಒಂದಾಳು ಅಡ್ಡ ತಿರುಗಿ ನಿಲ್ಲುವಷ್ಟು ಜಾಗ. ಅದರಲ್ಲಿ ಗೋಡೆಯಿಂದ ಗೋಡೆಗೆ ಒಂದೇ ಒಂದು ನೈಲಾನ್ ಹಗ್ಗ. ಐದು ಜನರ ಬಟ್ಟೆ ಅದರ ಮೇಲೇ ಒಣಗಬೇಕು. ಬೇರೆಯವರಾದರೆ ಕಂಗಾಲಾಗುತ್ತಿದ್ದರು. ಕಂಡಕ್ಟರಿಗೆ ಅದು ಬೆಳಗಿನ ಮೊದಲ ಟ್ರಿಪ್ಪಿನ ಹಾಗೆ ಕಂಡಿತು. ಹಳೇ ಚರ್ಮದ ಚೀಲವನ್ನು ಹೆಗಲಿಗೆ ಏರಿಸಿದರು. ಅದರಲ್ಲಿ ಈಗ ಟಿಕೆಟ್ಟಿನ ಬದಲು ಬಟ್ಟೆ ಕ್ಲಿಪ್ಪುಗಳು. ಕ್ಲಿಪ್ಪಿಲ್ಲದೆ ಯಾವ ಬಟ್ಟೆಯೂ ಪ್ರಯಾಣ ಮಾಡುವಂತಿಲ್ಲ.

ಬಿಸಿಲು ಬೀಳುವ ಮುಂದಿನ ತುದಿ ಮಹಿಳೆಯರ ಸೀಟು. ನಡುವೆ ಹಿರಿಯರು. ಕಾಲುಚೀಲ, ಕರ್ಚೀಫುಗಳಿಗೆ ಹಾಫ್ ಟಿಕೆಟ್ಟು, ಅಂದರೆ ಎರಡಕ್ಕೆ ಸೇರಿ ಒಂದು ಕ್ಲಿಪ್ಪು. ಹೊದಿಕೆ ಲಗೇಜು, ಅದು ಕಟಕಟೆಯ ಮೇಲೆ. ಚಡ್ಡಿ ಬನಿಯನ್ನುಗಳಿಗೆ ಹಿಂದಿನ ಸೀಟು, ಅಲ್ಲಿ ಅವು ಏನು ಗಲಾಟೆ ಮಾಡಿದರೂ ಬೀದಿಗೆ ಕಾಣದು.

"ಲೋ ತಮ್ಮಾ, ನನ್ನ ಗೌನು ಎಲ್ಲೋ?" ಎಂದರು ಅಕ್ಕ, ಟೀವಿಯಿಂದ ಕಣ್ಣು ಕೀಳದೆ.

"ಮಹಿಳೆಯರ ಸೀಟಿಗೆ ಹಾಕಿದ್ದೀನಿ ಅಕ್ಕಾ."

ಅಕ್ಕನಿಗೆ ನಂಬಿಕೆ ಬರಲಿಲ್ಲ. ಎದ್ದು ಹೋಗಿ ಇಣುಕಿದರು. "ಮಹಿಳೆಯರ ಸೀಟಲ್ಲಿ ನಿನ್ನ ಪೈಜಾಮ ಯಾಕೋ ಕೂತಿದೆ?"

"ಬೇರೆ ಮಹಿಳೆಯರು ಹತ್ತಿದ ತಕ್ಷಣ ಎದ್ದುಬಿಡುತ್ತೆ."

"ಎಲ್ಲಾ ಗಂಡಸರೂ ಹಾಗೇ ಹೇಳೋದು" ಎಂದು ಅಕ್ಕ ಪೈಜಾಮವನ್ನು ಕಿತ್ತು ಹಿಂದಿನ ಸೀಟಿಗೆ ಎಸೆದರು.

ಮೊದಮೊದಲು ಎಲ್ಲವೂ ಸಾಂಗವಾಗಿಯೇ ನಡೆಯಿತು. ಆಮೇಲೆ ಮೋಡ ಕವಿಯಿತು. ಹಾಕಿದ್ದು ಒಣಗುವ ಮೊದಲೇ ಇನ್ನೊಂದು ಬಕೆಟ್ಟು ಬಂದು ನಿಂತಿತು. ಆಗ ಕಂಡಕ್ಟರು ತಮ್ಮ ಸೇವಾವಧಿಯ ಪರಮರಹಸ್ಯವನ್ನು ಹೊರತೆಗೆದರು. ಸೀಟು ತುಂಬಿದ ಮೇಲೆ ಬಸ್ಸಿಗೆ ಜನ ಹತ್ತುವುದಿಲ್ಲವೇ? ಅಂಗಿಯ ಮೇಲೆ ಅಂಗಿ, ಅದರ ಮೇಲೆ ಪ್ಯಾಂಟು, ಪ್ಯಾಂಟಿನ ಮೇಲೆ ಟವೆಲ್ಲು. ಹಗ್ಗ ಬಿಲ್ಲಿನ ಹಾಗೆ ಬಾಗಿತು. ಬಟ್ಟೆಗಳು ಒಂದನ್ನೊಂದು ಅಪ್ಪಿಕೊಂಡು, ಒಂದರ ನೀರು ಇನ್ನೊಂದಕ್ಕೆ ಕುಡಿಸುತ್ತ, ಕೂಡುಕುಟುಂಬದ ಹಾಗೆ ಒದ್ದೆಯಾಗಿಯೇ ಉಳಿದವು.

ಇದರ ಫಲ ಉಂಡವನು ಮಗ. ಅವನಿಗೆ ಹಾಸಿಗೆ ಅಂಗಡಿಯಲ್ಲಿ ಕೆಲಸ. ಗಿರಾಕಿಗಳ ಮುಂದೆ ಹಾಸಿಗೆಯ ಮೇಲೆ ಕೂತು, ಕುಪ್ಪಳಿಸಿ, "ನೋಡಿ, ಎಷ್ಟು ಮೆತ್ತಗಿದೆ" ಎಂದು ತೋರಿಸಬೇಕು. ಶನಿವಾರ ಸಂಜೆ ಅವನು ಬಾಗಿಲಲ್ಲೇ ಚಪ್ಪಲಿ ಒದರಿ ಒಳಗೆ ಬಂದ.

"ಅಪ್ಪಾ, ನೀನು ಕೊಟ್ಟ ಪ್ಯಾಂಟು ಒಣಗಿರಲಿಲ್ಲ."

"ಸ್ವಲ್ಪ ತೇವ ಇತ್ತಪ್ಪಾ. ಮೈ ಬಿಸಿಗೆ ಒಣಗುತ್ತೆ ಅಂತ..."

"ಹೊಸ ಹಾಸಿಗೆ ಮೇಲೆ ಕೂತೆ. ಎದ್ದೆ. ಹಾಸಿಗೆ ಮೇಲೆ ಇಷ್ಟಗಲ ಒದ್ದೆ. ಗಿರಾಕಿ ಗಂಡ ಹೆಂಡತಿ ಮುಖ ಮುಖ ನೋಡ್ಕೊಂಡ್ರು. ಹಾಸಿಗೆ ಅಂಗಡೀಲಿ ಹಾಸಿಗೆ ಒದ್ದೆ ಮಾಡಿದ್ರೆ ಜನ ಏನಂದ್ಕೋತಾರೆ, ನೀನೇ ಹೇಳು."

"ಪ್ಯಾಂಟು ಒದ್ದೆ ಅಂತ ಹೇಳಬೇಕಿತ್ತು."

"ಹೇಳ್ದೆ! ಅದಕ್ಕೇ ಅವರು ಎದ್ದು ಹೋಗಿದ್ದು!"

ಅಕ್ಕ ಟೀವಿಯ ಧ್ವನಿ ತಗ್ಗಿಸಿದರು. ಮನೆಯಲ್ಲಿ ಅದಕ್ಕಿಂತ ಒಳ್ಳೆಯದೇನೋ ನಡೆಯುತ್ತಿದೆ ಎಂದು ಅವರಿಗೆ ಗೊತ್ತಾಗಿತ್ತು. ಸೊಸೆ ಬಾಯಿಗೆ ದುಪ್ಪಟ್ಟಾ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಹೆಂಡತಿ ಮಾತ್ರ ನಗಲಿಲ್ಲ. ಬಟ್ಟೆಗಳ ನೀರು ಇಳಿಯದಿದ್ದರೇನಂತೆ, ಗಂಡನ ನೀರಿಳಿಸಲು ಅವರು ತಯಾರಾಗಿ ನಿಂತಿದ್ದರು.

"ಈ ಮನೇಲಿ ಒಣಗಿರೋದು ನಿಮ್ಮ ಜಂಭ ಒಂದೇ" ಎಂದರು. "ಕೇಳಿ ಇಲ್ಲಿ. ಸೋಮವಾರ ಸೊಸೆ ಆಸ್ಪತ್ರೆಗೆ ಹೊಸ ಮೇಟ್ರನ್ ಬರ್ತಾರಂತೆ, ನರ್ಸುಗಳಿಗೆಲ್ಲ ಮೇಲಧಿಕಾರಿ. ಇವಳ ಯೂನಿಫಾರಂ ಬೆಳ್ಳಗೆ, ಗರಿಗರಿಯಾಗಿ ಇರಬೇಕು. ಇರೋದು ಎರಡು ಜೊತೆ. ನಾಳೆ ಡ್ಯೂಟಿಗೆ ಒಂದು ಹೋಗುತ್ತೆ. ಇನ್ನೊಂದನ್ನ ನಾಳೆ ಸಂಜೆ ಒಳಗೆ ಒಣಗಿಸಿ ಅವಳ ಕೈಗೆ ಕೊಡಿ. ಕೊಟ್ರೆ ಹಗ್ಗ ನಿಮ್ಮದು, ನಾನು ಆ ಕಡೆ ತಲೆ ಹಾಕಲ್ಲ. ಇಲ್ಲಾಂದ್ರೆ ಹಗ್ಗ ನನಗೆ, ಟೀವಿ ರಿಮೋಟು ನಿಮಗೆ."

"ರಿಮೋಟು ಕೊಡಲ್ಲ" ಎಂದರು ಅಕ್ಕ.

ಕಂಡಕ್ಟರು ಲೆಕ್ಕ ಹಾಕಿದರು. ಎರಡನೇ ಸಲ ನಿವೃತ್ತಿ! ಮೊದಲ ಸಲವಾದರೂ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ್ದರು. ಈ ಸಲ ರಿಮೋಟೂ ಇಲ್ಲ. ಮತ್ತೆ ಆ ಕಡೆ ಸರಿಯುವುದು, ಕಾಲೆತ್ತುವುದು, ಮೆಟ್ಟಿಲ ಮೇಲೆ ನಿಲ್ಲುವುದು.

ಭಾನುವಾರ ಎಲ್ಲರಿಗಿಂತ ಮೊದಲೇ ಎದ್ದೆ ಎಂದುಕೊಂಡರು. ಯೂನಿಫಾರಮ್ಮನ್ನು ತೊಳೆದು, ಹಿಂಡಿ, ಕೈಯಲ್ಲಿ ಕೂಸಿನ ಹಾಗೆ ಎತ್ತಿಕೊಂಡು ಬಾಲ್ಕನಿಗೆ ಬಂದರೆ, ಹಗ್ಗ ಭರ್ತಿ! ಬಟ್ಟೆಗಳಿಂದಲ್ಲ. ಈ ತುದಿಯಿಂದ ಆ ತುದಿಗೆ ಗೇಣಿಗೊಂದರಂತೆ ಒಣ ಕರ್ಚೀಫುಗಳು, ಒಣ ಟವೆಲ್ಲುಗಳು. ನೀರು ಕಾಣದ, ಮಡಿಕೆ ಮಾಸದ ಬಟ್ಟೆಗಳು ಕಿಟಕಿ ಪಕ್ಕದ ಪ್ರಯಾಣಿಕರ ಹಾಗೆ ಹಾಯಾಗಿ ಕೂತಿದ್ದವು. ಹಗ್ಗದಲ್ಲಿ ಜಾಗ ಸಿಗುವುದಿಲ್ಲ ಎಂದು ಹೆದರಿದ ಮನೆಯವರೆಲ್ಲ ತಂತಮ್ಮ ಸೀಟು ಹಿಡಿದು ಮತ್ತೆ ಹೋಗಿ ಮಲಗಿದ್ದರು. ಈ ವಿದ್ಯೆಯನ್ನು ಅವರಿಗೆ ಕಲಿಸಿದವರು ಯಾರು? ಊಟಕ್ಕೆ ಕೂತಾಗಲೆಲ್ಲ ಕಂಡಕ್ಟರೇ ಹೇಳುತ್ತಿದ್ದರು: "ನನ್ನ ಬಸ್ಸಲ್ಲಿ ಕಿಟಕಿಯಿಂದ ಸೀಟಿಗೆ ಟವೆಲ್ ಬಿತ್ತು ಅಂದ್ರೆ ಮುಗೀತು, ಮಂತ್ರಿ ಬಂದ್ರೂ ಎಬ್ಬಿಸ್ತಿರಲಿಲ್ಲ. ಟವೆಲ್ ಅಂದ್ರೆ ಅರ್ಧ ಮನುಷ್ಯ."

ಈಗ ಹಗ್ಗದ ತುಂಬ ಅರ್ಧ ಮನುಷ್ಯರು. ಒಂದು ಕರ್ಚೀಫನ್ನು ಎತ್ತಲು ಕೈ ಚಾಚಿದರು. ಒಳಗಿನಿಂದ ಅಕ್ಕನ ಧ್ವನಿ ಬಂತು: "ಲೋ, ಹೂವಿನ ಚಿತ್ರದ್ದು ನಂದು. ಮುಟ್ಟಿದೀಯೋ ಜೋಕೆ!"

"ಅಕ್ಕಾ, ನಿನ್ನ ಬಟ್ಟೆ ಇನ್ನೂ ನೆನೆಸೇ ಇಲ್ವಲ್ಲ?"

"ಬಸ್ಸು ಹೊರಡೋ ಹೊತ್ತಿಗೆ ಬರ್ತೀನಿ. ಸೀಟು ನಂದೇ ತಾನೇ? ನಿನ್ನದೇ ಕಾನೂನು."

ಕಾನೂನು ತಮ್ಮದೇ. ಬೇರೆಯವರ ಕಾನೂನಾಗಿದ್ದರೆ ಒಂದು ದಾರಿ ಹುಡುಕಬಹುದಿತ್ತು. ಕಂಡಕ್ಟರು ಒದ್ದೆ ಯೂನಿಫಾರಮ್ಮನ್ನು ಹ್ಯಾಂಗರಿಗೆ ಸಿಕ್ಕಿಸಿ ಮನೆಯೆಲ್ಲ ಸುತ್ತಿದರು. ಬೀರುವಿನ ಹಿಡಿಗೆ ತೂಗಿದರೆ ಬೀರು ತೆಗೆಯುವವರು ಬಂದರು. ಬಾಗಿಲಿಗೆ ತೂಗಿದರೆ ಬಾಗಿಲು ಹಾಕುವವರು ಬಂದರು. ಫ್ಯಾನಿನ ಕೆಳಗೆ ಎತ್ತಿ ಹಿಡಿದು ನಿಂತರೆ "ಟೀವಿ ಕಾಣಲ್ಲ" ಎಂದರು ಅಕ್ಕ. ಕೊನೆಗೆ ಕಿಟಕಿಯಿಂದ ಕೆಳಗೆ ನೋಡಿದರು. ಬೀದಿಯಲ್ಲಿ ಒಂದು ಬಸ್ಸು ಗಾಳಿ ಸೀಳಿಕೊಂಡು ಹೋಯಿತು. ಕಿಟಕಿಯ ಪಕ್ಕದ ಹೆಂಗಸೊಬ್ಬಳ ಕೂದಲು ಬಾವುಟದ ಹಾಗೆ ಹಾರುತ್ತಿತ್ತು.

ನಿವೃತ್ತ ನೌಕರರಿಗೆ ಬಸ್ಸಿನಲ್ಲಿ ಪುಕ್ಕಟೆ ಪಾಸು ಇದೆ. ಗಾಳಿಗಂತೂ ಪಾಸೇ ಬೇಕಿಲ್ಲ. ಯಾರಿಗೂ ಹೇಳದೆ, ಹ್ಯಾಂಗರ್ ಹಿಡಿದು ಕಂಡಕ್ಟರು ಮೆಟ್ಟಿಲಿಳಿದರು.

ಬಸ್ಸಿನಲ್ಲಿ ಹಿಂಬದಿಯ ಕಿಟಕಿ ಸೀಟು ಸಿಕ್ಕಿತು. ಹ್ಯಾಂಗರನ್ನು ಕಂಬಿಗೆ ತಗುಲಿಸಿದರು. ಬಸ್ಸು ಹೊರಟದ್ದೇ ಯೂನಿಫಾರಮ್ಮು ಉಬ್ಬಿ, ತೋಳು ಬೀಸಿ, ದಪ್ಪ ನರ್ಸೊಬ್ಬಳು ನಿಂತು ಪ್ರಯಾಣ ಮಾಡುತ್ತಿರುವಂತೆ ಕಂಡಿತು. ಎಳೆ ವಯಸ್ಸಿನ ಕಂಡಕ್ಟರನೊಬ್ಬ ಬಂದ.

"ಯಜಮಾನ್ರೇ, ಪಾಸು ಸರಿ. ಇವರದ್ದು?"

"ಇವರು ಅಂತಾರೇನಪ್ಪ? ಬಟ್ಟೆ. ಒಳಗೆ ಆಳಿಲ್ಲ."

"ನಿಂತಿದ್ದಾರಲ್ಲ. ಜಾಗ ಹಿಡಿದಿದ್ದಾರಲ್ಲ."

"ಲಗೇಜು ಅಂತ ಬರ್ಕೋ."

"ಲಗೇಜು ಹೀಗೆ ಜನರ ಕೆನ್ನೆಗೆ ಹೊಡೆಯುತ್ತಾ?" ಎಂದರು ಹಿಂದಿನ ಸೀಟಿನ ಮುದುಕಿ, ಒದ್ದೆ ಕೆನ್ನೆ ಒರೆಸಿಕೊಳ್ಳುತ್ತ. "ನಿಮ್ಮ ಸಿಸ್ಟರಿಗೆ ಸ್ವಲ್ಪ ಬುದ್ಧಿ ಹೇಳಿ. ಆಗಿಂದ ಹೊಡೀತಾನೇ ಇದ್ದಾಳೆ."

ಬೇರೆ ದಿನವಾಗಿದ್ದರೆ ಕಂಡಕ್ಟರು ಜಗಳಕ್ಕೆ ನಿಲ್ಲುತ್ತಿದ್ದರು. ಆದರೆ ಹುಡುಗ ಹೇಳುತ್ತಿರುವುದು ನ್ಯಾಯವಾಗಿತ್ತು. ತಾವೂ ಬಿಡುತ್ತಿರಲಿಲ್ಲ. ಯೂನಿಫಾರಮ್ಮಿಗೆ ಹಾಫ್ ಟಿಕೆಟ್ಟು ಕೊಂಡರು. ಟಿಕೆಟ್ಟನ್ನು ಅದರ ಜೇಬಿಗೇ ಹಾಕಿದರು; ಚೆಕಿಂಗ್ ಬಂದರೆ ಅವರವರ ಟಿಕೆಟ್ಟು ಅವರವರ ಹತ್ತಿರ ಇರಬೇಕು.

ಊರು ದಾಟಿತು. ಗಾಳಿ ಹೆಚ್ಚಿತು. ಮುಟ್ಟಿ ನೋಡಿದರೆ ಕಾಲರು ಒಣಗಿದೆ, ತೋಳು ಒಣಗಿದೆ! ಕಂಡಕ್ಟರಿಗೆ ಎಷ್ಟು ಸಮಾಧಾನವಾಯಿತೆಂದರೆ, ಗಾಳಿಯ ಜೋಗುಳಕ್ಕೆ ಅಲ್ಲೇ ಕಣ್ಣು ಮುಚ್ಚಿಬಿಟ್ಟರು. ರಸ್ತೆ ಅಗೆದು ಹಾಕಿದ್ದು, ಮುಂದೆ ಮಣ್ಣಿನ ಲಾರಿಯೊಂದು ಸೇರಿಕೊಂಡದ್ದು, ಅದರ ಹಿಂದೆಯೇ ಬಸ್ಸು ಕೊನೆಯ ನಿಲ್ದಾಣದವರೆಗೂ ಹೋಗಿ ಅದೇ ದಾರಿಯಲ್ಲಿ ವಾಪಸು ಬಂದದ್ದು, ಯಾವುದೂ ಅವರಿಗೆ ಗೊತ್ತಾಗಲಿಲ್ಲ.

ಸಂಜೆ ಮನೆಯ ಬಾಗಿಲು ತಟ್ಟಿದಾಗ ತೆಗೆದವಳು ಸೊಸೆ. ಆಗತಾನೇ ಡ್ಯೂಟಿ ಮುಗಿಸಿ ಬಂದಿದ್ದಳು. ಕಂಡಕ್ಟರು ಹ್ಯಾಂಗರನ್ನು ಅವಳ ಮುಂದೆ ಎತ್ತಿ ಹಿಡಿದರು.

"ತಗೋಮ್ಮಾ. ಒಂದು ಹನಿ ನೀರಿದ್ರೆ ಕೇಳು."

ನೀರಿನ ಹನಿ ಇರಲಿಲ್ಲ. ಬಿಳುಪೂ ಇರಲಿಲ್ಲ. ಹೋಗುವಾಗ ನರ್ಸು, ಬರುವಾಗ ಕಂಡಕ್ಟರು! ಕಾಲರಿನಿಂದ ಅಂಚಿನವರೆಗೆ ಧೂಳು ಕೂತು ಅಪ್ಪಟ ಖಾಕಿ.

ಮಗ ಒಂದು ಸಲ ಯೂನಿಫಾರಮ್ಮನ್ನು, ಒಂದು ಸಲ ಅಪ್ಪನನ್ನು ನೋಡಿದ. "ಇವಳಿಗೆ ಟ್ರಾನ್ಸ್‌ಫರ್ ಆಯ್ತೇನಪ್ಪಾ, ಬಸ್ ಡಿಪೋಗೆ?"

ಸೊಸೆ ಅದರ ಜೇಬಿನಿಂದ ಟಿಕೆಟ್ಟು ತೆಗೆದು ನೋಡಿ, ಇನ್ನು ತಡೆಯಲಾರದೆ ಗೋಡೆ ಹಿಡಿದು ನಕ್ಕಳು. ನಕ್ಕು ಮುಗಿಸಿ, ಕಣ್ಣೊರೆಸಿಕೊಂಡು, ಯೂನಿಫಾರಮ್ಮನ್ನು ಬಚ್ಚಲಿಗೆ ಒಯ್ದು ತೊಳೆದಳು. ದಪ್ಪ ಟವೆಲ್ಲಿನಲ್ಲಿ ಸುತ್ತಿ ಹಿಂಡಿದಳು. ಬೀರುವಿನ ಮೇಲಿಂದ ಇಸ್ತ್ರಿ ಪೆಟ್ಟಿಗೆ ಇಳಿಸಿ, ಬುಸ್ ಬುಸ್ ಎಂದು ಆವಿ ಎಬ್ಬಿಸುತ್ತ ತಿಕ್ಕಿದಳು. ಟೀವಿಯ ಒಂದು ಧಾರಾವಾಹಿ ಮುಗಿಯುವ ಹೊತ್ತಿಗೆ ಯೂನಿಫಾರಮ್ಮು ಬೆಳ್ಳಗೆ, ಗರಿಗರಿಯಾಗಿ ಬಾಗಿಲ ಮೊಳೆಗೆ ತೂಗುತ್ತಿತ್ತು.

"ಮಾವ, ಇಸ್ತ್ರಿ ಪೆಟ್ಟಿಗೆ ಇಲ್ಲೇ ಇತ್ತಲ್ಲ. ನಿಮಗೆ ಹೊಳೀಲಿಲ್ವಾ?"

ಹೊಳೆದಿರಲಿಲ್ಲ. ಆದರೆ ಹಾಗೆ ಹೇಳಲಾಗುತ್ತದೆಯೇ? "ಇಸ್ತ್ರಿ ನನ್ನ ಡಿಪಾರ್ಟ್‌ಮೆಂಟ್ ಅಲ್ಲಮ್ಮ" ಎಂದರು ಕಂಡಕ್ಟರು, ಇದ್ದಬದ್ದ ಗಾಂಭೀರ್ಯವನ್ನೆಲ್ಲ ಒಟ್ಟುಮಾಡಿ.

ಹೆಂಡತಿ ಎಡಗೈ ಮುಂದೆ ಚಾಚಿದರು. ಕಂಡಕ್ಟರು ಹೆಗಲಿನಿಂದ ಕ್ಲಿಪ್ಪಿನ ಚೀಲ ಇಳಿಸಿ ಆ ಕೈಗೆ ಕೊಟ್ಟರು. ಆ ರಾತ್ರಿ ಅವರಿಗೆ ಊಟ ರುಚಿಸಲಿಲ್ಲ, ಎರಡು ಸಲ ಬಡಿಸಿಕೊಂಡರೂ.

ಸೋಮವಾರ ಬೆಳಿಗ್ಗೆ ಸೊಸೆ ಬೆಳ್ಳಗೆ ಮಿಂಚುತ್ತ ಆಸ್ಪತ್ರೆಗೆ ಹೋದಳು. ಮಗ ಹಾಸಿಗೆ ಅಂಗಡಿಗೆ ಹೋದ, ಹೊರಡುವ ಮೊದಲು ಪ್ಯಾಂಟನ್ನು ಮೂರು ಕಡೆ ಮುಟ್ಟಿ ನೋಡಿಕೊಂಡ. ಕಂಡಕ್ಟರು ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಯಾರಿಗೂ ಅಡ್ಡವಾಗದ ಹಾಗೆ, ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು.

ಬಾಲ್ಕನಿಯಿಂದ ಬಕೆಟ್ಟು ಇಟ್ಟ ಸದ್ದು ಬಂತು. ಆಮೇಲೆ ಒಂದು ನಿಟ್ಟುಸಿರು.

"ರೀ, ಈ ಹಗ್ಗ ಯಾರು ಇಷ್ಟು ಮೇಲಕ್ಕೆ ಕಟ್ಟಿದ್ದು?"

ಹಗ್ಗ ಕಂಡಕ್ಟರ ಎತ್ತರಕ್ಕಿತ್ತು. ಉದ್ದ ಬಟ್ಟೆ ನೆಲ ಗುಡಿಸಬಾರದು ಎಂದು ಅವರೇ ಎತ್ತಿ ಕಟ್ಟಿದ್ದರು. ಹೆಂಡತಿಯ ತಲೆ ಅದಕ್ಕಿಂತ ಒಂದು ಮೊಳ ಕೆಳಗೆ.

"ಬಿಚ್ಚಿ ಕೆಳಗೆ ಕಟ್ಟಿ ಕೊಡಲಾ?" ಎಂದರು ಸಂದಿಯಿಂದಲೇ.

ಹೆಂಡತಿ ಹಗ್ಗದತ್ತ ಒಮ್ಮೆ ನೋಡಿದರು. ಹತ್ತಿ ನಿಲ್ಲಬಹುದಾದ ಸ್ಟೂಲು ಅವರ ಕಾಲಿಗೆ ತಾಗುವಷ್ಟು ಹತ್ತಿರದಲ್ಲೇ ಇತ್ತು. "ಬೇಡ" ಎಂದರು. "ಇರಲಿ ಬಿಡಿ, ಗಾಳಿ ಚೆನ್ನಾಗಿ ಬರುತ್ತೆ. ಎಲ್ಲಿ ಏನು ಹಾಕಬೇಕು ಅಂತ ನಾನು ಹೇಳ್ತೀನಿ. ನೀವು ಹಾಕಿ."

ಕಂಡಕ್ಟರು ಸಂದಿಯಿಂದ ಹೊರಬಂದರು. ಬಾಲ್ಕನಿಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. "ಅಂದ್ರೆ, ನನ್ನ ಹುದ್ದೆ ಏನು ಅಂತ ಆಗುತ್ತೆ?"

"ನಿಮಗೆ ಯಾವುದು ಬೇಕೋ ಅದು ಅಂತ ಇಟ್ಕೊಳ್ಳಿ. ಮೊದಲು ಈ ಪ್ಯಾಂಟಿನ ಆ ತುದಿ ಹಿಡೀರಿ, ಒದರಬೇಕು."