ಮನೆಗೆ ಹೋಗಿಯೇ ಹೇಳಬೇಕು

ತಾಳೆಗರಿಯಲ್ಲಿ ಸುತ್ತಿದ ಓಲೆಬೆಲ್ಲದ ಕಟ್ಟು ಬಿಚ್ಚಿದ ಕೂಡಲೇ ಅಡುಗೆಮನೆಯಲ್ಲಿ ಹೊಗೆಯ ವಾಸನೆ ಹರಡಿತು. ಪಾಣೆಮಂಗಳೂರು ಪೇಟೆಯಿಂದ ಗಂಡ ತಂದಿಟ್ಟಿದ್ದರು. ಒಂದು ತುಂಡು ಮುರಿದು ಮೂಗಿನ ಹತ್ತಿರ ಹಿಡಿದೆ... ಅಷ್ಟೇ. ಒಳಗೆ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದೇ ಇತ್ತು, ಅದರಲ್ಲಿ ಬೆಳಿಗ್ಗೆ ಬಂದ ಮೇಲ್ ಹಾಗೆಯೇ ಇತ್ತು. ನನ್ನ ಕಣ್ಣೆದುರಿಗೆ ಬಂದವರು ಮಾತ್ರ ಹಳೆಯ ಆಫೀಸಿನ ನಮ್ಮ ಟೀಮ್ ಲೀಡ್ ಅಕ್ಕ.

ಕಂಪನಿಯ ಕಾಗದದಲ್ಲಿ ಅವರು ಟೀಮ್ ಲೀಡ್. ನಮಗೆಲ್ಲ ಬರೀ ಅಕ್ಕ. ಮೂಡುಬಿದಿರೆ ಪೇಟೆಯಲ್ಲಿ ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿ ನಮ್ಮ ಆಫೀಸು. ಹೊರದೇಶದ ಆಸ್ಪತ್ರೆಗಳ ವಿಮೆಯ ಕಾಗದಗಳನ್ನು ಪರದೆಯ ಮೇಲೆ ನೋಡಿ, ಬೇಕಾದ್ದನ್ನು ಕಂಪ್ಯೂಟರಿಗೆ ತುಂಬಿಸುವ ಕೆಲಸ. ಕೊರೋನಾ ಬಂದಾಗ ಎಲ್ಲರೂ ಮನೆಗೆ ಹೋದೆವು. ಅದು ಮುಗಿದ ಮೇಲೆ ಅರ್ಧ ಜನ ವಾಪಸು ಬಂದೆವು, ಉಳಿದರ್ಧ ಬರಲಿಲ್ಲ. ಕೆಲವರಿಗೆ ಮಗುವಾಗಿತ್ತು, ಕೆಲವರ ಊರಿಗೆ ಬಸ್ಸು ನಿಂತಿತ್ತು. ಬೆಳ್ತಂಗಡಿಯ ಆಚೆ, ಬಂಟ್ವಾಳದ ಈಚೆ ಎಂದು ಅಲ್ಲಲ್ಲಿ ತಮ್ಮ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಈ ಎರಡು ದೋಣಿಯನ್ನೂ ನಡೆಸುವ ಗ್ರಹಚಾರ ಅಕ್ಕನದು.

ನನಗಂತೂ ಮನೆಯಲ್ಲಿದ್ದವರ ಮೇಲೆ ಹೊಟ್ಟೆಕಿಚ್ಚು. ಸಿದ್ದಕಟ್ಟೆಯ ಬಸ್ಸಿನಲ್ಲಿ ಕಂಬ ಹಿಡಿದು ನೇತಾಡಿಕೊಂಡು ಬರುವವಳು ನಾನು, ಕಾಲು ಚಾಚಿ ಕೂತು ಅಷ್ಟೇ ಸಂಬಳ ತೆಗೆದುಕೊಳ್ಳುವವರು ಅವರು. ತಿಂಗಳಿಗೊಂದು ದಿನ ಅವರನ್ನೆಲ್ಲ ಅಕ್ಕ ಆಫೀಸಿಗೆ ಕರೆಸುತ್ತಿದ್ದರು. ಆ ದಿನ ನಾವು ನಮ್ಮ ಕುರ್ಚಿ ಬಿಟ್ಟು ಅವರನ್ನು ಕೂರಿಸಬೇಕು! ನಾನು ಮುಖ ಊದಿಸಿಕೊಂಡು ಏಳುತ್ತಿದ್ದೆ. ಅಕ್ಕ ನೋಡಿಯೂ ನೋಡದ ಹಾಗೆ ಇರುತ್ತಿದ್ದರು. ಮಧ್ಯಾಹ್ನ ಎಲ್ಲರ ಬುತ್ತಿ ಒಂದೇ ಮೇಜಿನ ಮೇಲೆ ಬಿಚ್ಚುವಷ್ಟರಲ್ಲಿ ನನ್ನ ಊದಿದ ಮುಖ ಇಳಿದಿರುತ್ತಿತ್ತು ಅನ್ನಿ.

ಪರದೆಯ ಮೇಲೆ ಯಾರಾದರೂ ‘ಎಲ್ಲ ಸರಿ ಉಂಟಕ್ಕ’ ಎಂದರೆ ಅಕ್ಕ ನಂಬುತ್ತಿರಲಿಲ್ಲ. ಶನಿವಾರ ಬಸ್ಸು ಹತ್ತಿ ಅವರ ಮನೆಗೇ ಹೋಗುತ್ತಿದ್ದರು. ಒಮ್ಮೆ ಬಾಣಂತಿಯೊಬ್ಬಳ ಕೆಲಸ ತೀರ ನಿಧಾನವಾಯಿತು, ಅವಳನ್ನು ತೆಗೆದುಬಿಡಿ ಎಂದು ಬೆಂಗಳೂರಿನ ಹೆಡ್ ಆಫೀಸಿನಿಂದ ಹೇಳಿದರು. ಅಕ್ಕ ಘಟ್ಟದ ಬುಡದಲ್ಲಿದ್ದ ಅವಳ ಮನೆಗೆ ಹೋಗಿ ನೋಡಿದರೆ, ನೆಟ್‌ವರ್ಕ್ ಸಿಗಲಿ ಎಂದು ಅವಳು ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಲ್ಯಾಪ್‌ಟಾಪ್ ಹಿಡಿದು ಹಿಂದಿನ ಗುಡ್ಡ ಹತ್ತುತ್ತಿದ್ದಳಂತೆ. ಅಲ್ಲಿಂದ ಮುಂದೆ ಅವಳ ಪಾಲಿನ ಕಾಗದಗಳನ್ನೆಲ್ಲ ಬೆಳಿಗ್ಗೆಯೇ ಒಟ್ಟಿಗೆ ಕಳಿಸುವ ವ್ಯವಸ್ಥೆ ಮಾಡಿದರು. ದಿನಕ್ಕೊಮ್ಮೆ ಗುಡ್ಡ ಹತ್ತಿದರೆ ಸಾಕು. ಈ ಬುದ್ಧಿ ಬೆಂಗಳೂರಿನ ಯಾವ ಸಾಹೇಬನಿಗೆ ಬರಬೇಕು?

ಒಂದೇ ತೊಂದರೆ ಎಂದರೆ ಅಕ್ಕನಿಗೆ ಶುಗರ್ ಇತ್ತು. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಒಂದು ತುಂಡು ಬೆಲ್ಲ ಮತ್ತು ಒಂದು ಚೆಂಬು ನೀರು. ಚಹಾ, ಕಾಫಿ ಎಲ್ಲ ಆಮೇಲೆ. ಅಕ್ಕ ಹೋದ ಮನೆಯಲ್ಲೆಲ್ಲ ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಗದರಿದರೆ, ಮನೆಯವರು ಕೊಟ್ಟದ್ದನ್ನು ಬೇಡ ಅಂದರೆ ಮತ್ತೆ ಅವರು ನನ್ನ ಹತ್ತಿರ ಕಷ್ಟ ಹೇಳುತ್ತಾರಾ ಎಂದು ನನ್ನನ್ನೇ ಕೇಳುತ್ತಿದ್ದರು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಅಕ್ಕ ಮಾರಿಯಾದದ್ದು ತಮ್ಮ ದೇಹಕ್ಕೇ.

ಅವರದ್ದೊಂದು ಹಟವಿತ್ತು. ಒಳ್ಳೆಯ ಸುದ್ದಿಯನ್ನು ವಾಟ್ಸ್ಯಾಪ್ ಗ್ರೂಪಿಗೆ ಹಾಕಬಹುದು, ಕೆಟ್ಟ ಸುದ್ದಿಯನ್ನು ಮಾತ್ರ ಮನೆಗೆ ಹೋಗಿಯೇ ಹೇಳಬೇಕು. ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ನಮ್ಮಲ್ಲಿ ಮದುವೆಯ ಕಾಗದವನ್ನು ಮೊಬೈಲಿಗೆ ಕಳಿಸಿದರೆ ಹಿರಿಯರು ಇವತ್ತಿಗೂ ಹೋಗುವುದಿಲ್ಲ, ಮನೆ ಮೆಟ್ಟಿಲು ಹತ್ತಿ ಹೇಳಿದರೆ ಮಾತ್ರ ಅದು ಹೇಳಿಕೆ, ಕರೆದ ಹಾಗೆ. ಆಫೀಸಿನ ವಿಷಯಕ್ಕೂ ಅಕ್ಕ ಅದೇ ಕ್ರಮ ಹಿಡಿದಿದ್ದರು.

ಆಮೇಲೆ ಆ ವಾರ ಬಂತು... ಮನೆಯಿಂದ ಮಾಡುವವರ ಕೆಲಸ ಇನ್ನಿಲ್ಲ, ಆಫೀಸಿನಲ್ಲಿ ಇರುವವರು ಸಾಕು ಎಂದು ಬೆಂಗಳೂರಿನಲ್ಲಿ ತೀರ್ಮಾನವಾಯಿತು. ಅಕ್ಕ ಫೋನಿನಲ್ಲಿ ಎಷ್ಟು ವಾದ ಮಾಡಿದರೂ ಆಚೆಯವರು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಅಕ್ಕ ಕೇಳಿಕೊಂಡದ್ದು ಒಂದೇ. ಮೇಲ್ ಕಳಿಸಬೇಡಿ, ಎರಡು ದಿನ ಕೊಡಿ, ನಾನೇ ಒಂದೊಂದು ಮನೆಗೆ ಹೋಗಿ ಹೇಳುತ್ತೇನೆ. ಸಾಹೇಬರು ಆಗಲಿ ಎಂದರು. ಬಾಯಿಮಾತು. ನಮ್ಮ ಊರಲ್ಲಿ ಅಷ್ಟು ಸಾಕು, ಅಕ್ಕನಿಗೂ ಅಷ್ಟೇ ಸಾಕಾಯಿತು.

ನಮ್ಮನ್ನೆಲ್ಲ ಕೂರಿಸಿ ವಿಷಯ ಹೇಳಿದರು. ನಾನು ಹೋಗಿ ಹೇಳುವವರೆಗೆ ಯಾರೂ ಫೋನಿನಲ್ಲಿ ಬಾಯಿ ಬಿಡಬಾರದು ಎಂದು ಮಾತು ತೆಗೆದುಕೊಂಡರು. ನಾವು ಮಾತು ಉಳಿಸಿಕೊಂಡೆವು. ಉಳಿಸಿಕೊಳ್ಳದೆ ಇರುತ್ತಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ.

ಮರುದಿನ ಅಕ್ಕನ ಜೊತೆಗೆ ನಾನೂ ಹೋದೆ. ದೂರದಿಂದ ಶುರು ಮಾಡುವ ಎಂದರು ಅಕ್ಕ. ಮೊದಲು ಆ ಘಟ್ಟದ ಬುಡದ ಮನೆ. ಕೂಸು ಆಗಲೇ ಅಂಗಳದಲ್ಲಿ ಹೆಜ್ಜೆ ಹಾಕುತ್ತಿತ್ತು, ಅವಳು ಆ ದಿನ ಇನ್ನೂ ಗುಡ್ಡ ಹತ್ತಿರಲಿಲ್ಲ. ಬೆಲ್ಲ ನೀರು ಬಂತು, ಅಕ್ಕ ತಿಂದರು, ಆಮೇಲೆ ವಿಷಯ ಹೇಳಿದರು. ಅವಳು ಅತ್ತಳು. ಅವಳ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಇಷ್ಟು ದೂರ ಬಂದು ಹೇಳಿದಿರಲ್ಲ ಮಗಳೇ ಎಂದು ಅಕ್ಕನ ಕೈ ಹಿಡಿದುಕೊಂಡರು. ಊಟಕ್ಕೆ ಎಷ್ಟು ಒತ್ತಾಯ ಮಾಡಿದರೂ ಅಕ್ಕ ನಿಲ್ಲಲಿಲ್ಲ, ಬಸ್ಸು ತಪ್ಪುತ್ತದೆ ಎಂದು ಹೊರಟೇಬಿಟ್ಟರು.

ಬೆಳ್ತಂಗಡಿ ದಾರಿಯಾಗಿ ವಾಪಸು ಬರುವ ಬಸ್ಸಿನಲ್ಲಿ ನೆಟ್‌ವರ್ಕ್ ಸಿಕ್ಕಿದ್ದೇ ತಡ, ಅಕ್ಕನ ಮೊಬೈಲು ಒಂದೇ ಸಮನೆ ನಡುಗಲು ತೊಡಗಿತು. ಬೆಂಗಳೂರಿನವರು ಬೆಳಿಗ್ಗೆಯೇ ಎಲ್ಲರಿಗೂ ಮೇಲ್ ಹಾಕಿದ್ದರು. ಲಾಗಿನ್ ಸಹ ಬಂದ್ ಮಾಡಿದ್ದರು. ಗಾಬರಿಯಾದವರು ಮೊದಲು ಅಕ್ಕನಿಗೆ ಫೋನು ಮಾಡಿದ್ದಾರೆ, ಅಕ್ಕ ಗುಡ್ಡದ ಮರೆಯಲ್ಲಿ. ಆಮೇಲೆ ಆಫೀಸಿನಲ್ಲಿದ್ದ ಸ್ನೇಹಿತರಿಗೆ ಮಾಡಿದ್ದಾರೆ, ಅವರು ಅಕ್ಕನಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಒಬ್ಬರೂ ಸರಿಯಾದ ಉತ್ತರ ಕೊಟ್ಟಿಲ್ಲ. ಇವರಿಗೆಲ್ಲ ಮೊದಲೇ ಗೊತ್ತಿತ್ತು, ನಮಗೆ ಮಾತ್ರ ಮುಚ್ಚಿಟ್ಟರು ಎಂದು ಅವರಿಗೆ ಅನ್ನಿಸದೆ ಇರುತ್ತದಾ?

ಸಾಹೇಬರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಇನ್ನು ಹೋಗಿ ಏನು ಪ್ರಯೋಜನ, ಮೂಡುಬಿದಿರೆಗೇ ಹೋಗುವ ಎಂದು ನಾನು ಹೇಳಿದೆ. ಅಕ್ಕ ಕೇಳಬೇಕಲ್ಲ. ಗುರುವಾಯನಕೆರೆಯಲ್ಲಿ ಇಳಿದರು.

ಅಲ್ಲಿ ಪೇಟೆಯಿಂದ ಸ್ವಲ್ಪ ಒಳಗೆ ಇದ್ದ ಮನೆ, ಟೀಮಿನಲ್ಲಿ ಅಕ್ಕನಿಗೆ ಎಲ್ಲರಿಗಿಂತ ಹತ್ತಿರದವಳದ್ದು. ಅಕ್ಕನೇ ಕೆಲಸ ಕಲಿಸಿದ ಹುಡುಗಿ. ಗಂಡ ಬಿಟ್ಟು ಹೋದ ಮೇಲೆ ತಾಯಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಬಿಸಿಲಲ್ಲಿ ನಡೆದು ಹೋದೆವು. ಅಕ್ಕ ಬೆಳಿಗ್ಗೆ ಶುಗರಿನ ಮಾತ್ರೆ ತೆಗೆದುಕೊಂಡವರು, ಊಟ ಮಾಡಿರಲಿಲ್ಲ. ನಮ್ಮನ್ನು ಕಂಡು ಅವಳು ಬಾಗಿಲಿಗೆ ಬಂದಳು. ಬನ್ನಿ ಅನ್ನಲಿಲ್ಲ, ಹೊಸ್ತಿಲಿನಿಂದ ಆಚೆ ಸರಿಯಲೂ ಇಲ್ಲ.

“ನಿಮಗೆ ನಿನ್ನೆಯೇ ಗೊತ್ತಿತ್ತಲ್ಲ ಅಕ್ಕ?” ಎಂದು ಕೇಳಿದಳು.

“ಗೊತ್ತಿತ್ತು ಮಾರಾಯ್ತಿ. ಇಂಥದ್ದನ್ನು ಫೋನಿನಲ್ಲಿ ಹೇಗೆ ಹೇಳುವುದು? ಅದಕ್ಕೇ ಬಂದೆ.”

“ಇಲ್ಲಿ ಒಂದು ಶಾಲೆಯ ಆಫೀಸಿನ ಕೆಲಸಕ್ಕೆ ನನ್ನನ್ನು ಕರೆದಿದ್ರು. ನಿನ್ನೆ ಸಂಜೆಯೊಳಗೆ ಹೇಳ್ಲಿಕ್ಕೆ ಇತ್ತು. ನಮ್ಮ ಅಕ್ಕ ಇದ್ದಾರೆ, ನಾನು ಬಿಡುವುದಿಲ್ಲ ಅಂತ ಹೇಳಿಬಿಟ್ಟೆ. ಇವತ್ತು ಬೆಳಿಗ್ಗೆ ಬೇರೆಯವರು ಸೇರಿಯಾಯ್ತು ಅಲ್ಲಿ. ನೀವು ಒಂದು ಫೋನು ಮಾಡಿದ್ರೆ ಸಾಕಿತ್ತು.”

ಅವಳು ಸ್ವರ ಏರಿಸಲಿಲ್ಲ, ಬಾಗಿಲು ಬಡಿಯಲಿಲ್ಲ. ಮೆಲ್ಲಗೆ ಒಳಗೆ ಹೋದಳು, ಅಷ್ಟೇ. ಅಕ್ಕ ಅಂಗಳದಲ್ಲೇ ನಿಂತಿದ್ದರು. ಒಳಗಿನಿಂದ ತಾಯಿ ಯಾರು ಬಂದದ್ದು ಎಂದು ತುಳುವಿನಲ್ಲಿ ಕೇಳಿದ್ದು ನಮಗೆ ಕೇಳಿಸಿತು. ಯಾರೂ ಇಲ್ಲ ಎಂದು ಅವಳು ಹೇಳಿದ್ದೂ ಕೇಳಿಸಿತು.

ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅಕ್ಕ ಬೆವರಿನಲ್ಲಿ ತೊಯ್ದಿದ್ದರು, ಕೈ ಗಡಗಡ ನಡುಗುತ್ತಿತ್ತು. ಶುಗರ್ ಇಳಿದದ್ದು. ಕಲ್ಲಿನ ಬೆಂಚಿನ ಮೇಲೆ ಅವರನ್ನು ಕೂರಿಸಿ ನಾನು ಎದುರಿನ ಅಂಗಡಿಗೆ ಓಡಿದೆ. ಕೈಗೆ ಸಿಕ್ಕಿದ್ದು ಓಲೆಬೆಲ್ಲ. ಕಟ್ಟು ಹರಿದು ಅವರ ಬಾಯಿಗೆ ಒಂದು ತುಂಡು ಇಟ್ಟೆ. ಎಷ್ಟೋ ಮನೆಗಳಲ್ಲಿ ಬೇಡದಿದ್ದರೂ ತಿಂದ ಹೆಂಗಸು, ಬೇಕಾದ ದಿನ ಅಂಗಡಿಯ ಬೆಲ್ಲ ತಿಂದರು. ನಡುಕ ನಿಂತ ಮೇಲೆ ಅಳಲು ಶುರು ಮಾಡಿದರು. ಜನ ನೋಡುತ್ತಿದ್ದರು. ನನಗೆ ಆ ಹುಡುಗಿಯ ಮೇಲೂ ಸಿಟ್ಟು ಬಂತು, ಬೆಂಗಳೂರಿನವರ ಮೇಲೂ ಬಂತು. ಆದರೆ ಅಕ್ಕ ಯಾರನ್ನೂ ಬೈಯಲಿಲ್ಲ.

“ಅವಳು ಹೇಳಿದ್ದು ಸರಿ,” ಎಂದರು. “ನನ್ನ ಮರ್ಯಾದೆಯಿಂದ ಅವಳ ಅನ್ನ ಹೋಯಿತು.”

ಆ ಮೇಲೆ ಅಕ್ಕ ಆಫೀಸಿಗೆ ಬರುತ್ತಿದ್ದರು, ಕೂರುತ್ತಿದ್ದರು, ಹೋಗುತ್ತಿದ್ದರು. ಮನೆಯಿಂದ ಕೆಲಸ ಮಾಡುತ್ತಿದ್ದವರ ಗ್ರೂಪಿನಿಂದ ಒಬ್ಬೊಬ್ಬರೇ ಹೊರಗೆ ಹೋದರು. ಕೊನೆಗೆ ಅದರಲ್ಲಿ ಉಳಿದವರು ಅಕ್ಕ ಒಬ್ಬರೇ. ಅಳಿಸಿ ಹಾಕಿ ಅಕ್ಕ ಎಂದು ಒಮ್ಮೆ ಹೇಳಿದೆ, ಇರಲಿ ಎಂದರು. ಮಳೆಗಾಲ ಬರುವ ಮೊದಲು ಅವರೂ ಕೆಲಸ ಬಿಟ್ಟರು. ನಾನು ಮದುವೆಯಾಗಿ ಪಾಣೆಮಂಗಳೂರಿಗೆ ಬಂದೆ, ಬೇರೆ ಕಂಪನಿ ಸೇರಿದೆ. ಅಕ್ಕನ ಜೊತೆ ಆಗೊಮ್ಮೆ ಈಗೊಮ್ಮೆ ಫೋನು. ಶುಗರ್ ಕಾಲಿಗೆ ಬಂತು ಎಂದರು, ಆಮೇಲೆ ಕಿಡ್ನಿಗೆ ಎಂದರು... ಒಂದು ದಿನ ಯಾರದ್ದೋ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ ಹೂವಿನ ಹಾರ ಹಾಕಿದ ಅಕ್ಕನ ಫೋಟೋ ಕಂಡೆ. ಕೆಟ್ಟ ಸುದ್ದಿಯನ್ನು ಮನೆಗೆ ಹೋಗಿಯೇ ಹೇಳಬೇಕು ಎಂದವರ ಸಾವಿನ ಸುದ್ದಿ ನನಗೆ ಸಿಕ್ಕಿದ್ದು ಹಾಗೆ.

ಹೋದೆ. ಅಕ್ಕನ ಮನೆಯಂಗಳದ ಚಪ್ಪರದ ಕೆಳಗೆ ಗುರುವಾಯನಕೆರೆಯ ಆ ಹುಡುಗಿ ನಿಂತಿದ್ದಳು. ಅವಳನ್ನೂ ಯಾರೂ ಕರೆದಿರಲಿಲ್ಲ. ಹೊರಡುವಾಗ ಅವಳು ನನ್ನ ಕೈ ಹಿಡಿದುಕೊಂಡು, “ಆ ದಿನ ಅಕ್ಕನಿಗೆ ನಾನು ನೀರು ಸಹ ಕೊಡ್ಲಿಲ್ಲ,” ಎಂದಳು. ಅವಳ ಜೊತೆಗೇ ಬಸ್ ಸ್ಟ್ಯಾಂಡಿನವರೆಗೆ ನಡೆದೆ.

ಇವತ್ತು ಟೀಮ್ ಲೀಡ್ ನಾನು. ನನ್ನ ಟೀಮಿಗೆ ಆಫೀಸೇ ಇಲ್ಲ. ಎಲ್ಲರೂ ಅವರವರ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ. ಒಬ್ಬಳು ಹುಬ್ಬಳ್ಳಿ ಕಡೆಯವಳಂತೆ, ಒಬ್ಬ ಕಾಸರಗೋಡಿನವನಂತೆ, ಉಳಿದವರು ಎಲ್ಲಿಯೋ. ಮುಖವನ್ನೂ ಸರಿಯಾಗಿ ನೋಡಿದ್ದಿಲ್ಲ, ಮೀಟಿಂಗಿನಲ್ಲಿ ಹೆಸರಿನ ಮೊದಲಕ್ಷರ ಮಾತ್ರ ಕಾಣುತ್ತದೆ. ಬೆಳಿಗ್ಗೆ ಬಂದ ಮೇಲ್ ಹೇಳಿದ್ದು, ಇವರಲ್ಲಿ ಅರ್ಧ ಜನರ ಕೆಲಸ ಇವತ್ತಿಗೆ ಮುಗಿಯಿತು, ನೀವೇ ಸಂಜೆಯೊಳಗೆ ತಿಳಿಸಿ ಎಂದು. ಹೋಗಿ ಹೇಳುವ ಎಂದರೆ ಯಾರ ಮನೆ ಎಲ್ಲಿ? ತಡ ಮಾಡುವ ಎಂದರೆ, ಯಾರಿಗೆ ಇವತ್ತು ಸಂಜೆಯೊಳಗೆ ಎಲ್ಲಿ ಉತ್ತರ ಹೇಳಲಿಕ್ಕೆ ಇದೆಯೋ! ಅಕ್ಕ ಕಲಿಸಿದ್ದೂ ಉಪಯೋಗಕ್ಕಿಲ್ಲ, ಅಕ್ಕನಿಗೆ ಆದದ್ದರಿಂದ ನಾನು ಕಲಿತದ್ದೂ ಉಪಯೋಗಕ್ಕಿಲ್ಲ.

ಬೆಲ್ಲದ ಕಟ್ಟನ್ನು ಹಾಗೆಯೇ ಮುಚ್ಚಿಟ್ಟು ಬಂದು ಕೂತೆ. ಕಂಪನಿಯ ಚಾಟಿನಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದೆ, ಅಷ್ಟಾದರೂ ಇರಲಿ ಎಂದು. ‘ಓಕೆ ಮೇಡಂ’ ಎಂದು ಒಂದೊಂದೇ ಉತ್ತರ ಬಂತು. ಹುಬ್ಬಳ್ಳಿ ಕಡೆಯವಳು ಮಾತ್ರ, ‘ಮೇಡಂ, ನಿಮ್ಮ ಮನಿ ಎಲ್ಲಿ? ಒಮ್ಮೆ ಬಂದು ಮಾತಾಡ್ಲೇನ್ರಿ?’ ಎಂದು ಬರೆದಳು.

ಪಾಣೆಮಂಗಳೂರು ಎಂದು ಟೈಪ್ ಮಾಡಿದೆ. ಬಿ.ಸಿ. ರೋಡಿನಲ್ಲಿ ಇಳಿಯಬೇಕು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೂ ಸೇರಿಸಿದೆ. ಕಳಿಸಲು ಒತ್ತಿದರೆ ಹೋಗಲಿಲ್ಲ. ಅಷ್ಟರಲ್ಲೇ ಅವಳ ಲಾಗಿನ್ ಬಂದ್ ಮಾಡಿದ್ದರು. ಅವಳ ಫೋನ್ ನಂಬರು ನನ್ನ ಹತ್ತಿರ ಇಲ್ಲ. ಅಕ್ಕ ಇದ್ದಿದ್ದರೆ ಈಗಲೇ ಎದ್ದು ಬಸ್ಸು ಹತ್ತುತ್ತಿದ್ದರು. ನನಗೆ ಯಾವ ಊರಿನ ಬಸ್ಸು ಹತ್ತಬೇಕು ಎಂದೇ ಗೊತ್ತಿಲ್ಲ.